ಅಪ್ಪನ ಬೆಟ್ಟದ ಭಾನುವಾರಗಳು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಓದು ಅರ್ಧಕ್ಕೇ ನಿಂತಿದ್ದರಿಂದ ಚೆಂದದ ಮಾತುಗಳೂ ಹೆಚ್ಚು ಗೊತ್ತಿಲ್ಲ. ಇದರಲ್ಲಿ ಎಲ್ಲಾದರೂ ದೊಡ್ಡ ಪದ ಕಂಡರೆ ಅದು ಅಪ್ಪನದು ಎಂದು ತಿಳಿಯಬೇಕು. ಮನೆಯಲ್ಲಿ ನಡೆದದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಬೆಟ್ಟದಲ್ಲಿ ನಡೆದದ್ದನ್ನು ಕರೆಂಟ್ ಮಾಮ ಹೇಳಿದ ಹಾಗೆ ಬರೆದಿದ್ದೇನೆ. ಅದರಲ್ಲಿ ಅರ್ಧ ಬಿಟ್ಟು ನಂಬಿದರೂ ಸಾಕು.

ಅಪ್ಪ ಟೈಲರ್. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಮನುಷ್ಯ. ಆದರೆ ಟಿವಿಯಲ್ಲಿ ದೇಶದೇಶಗಳ ಫುಟ್ಬಾಲ್ ಶುರುವಾಯಿತೆಂದರೆ ಕೈಯಲ್ಲಿರುವುದು ಕತ್ತರಿಯೋ ಕರವಸ್ತ್ರವೋ ಅವನಿಗೆ ತಿಳಿಯುವುದಿಲ್ಲ. ಹಿಂದಿನ ಸಲದ ಪಂದ್ಯಾವಳಿಯಲ್ಲಿ ಅವನ ಪ್ರೀತಿಯ ಹಳದಿ ಅಂಗಿಯವರು ಗೋಲು ಹೊಡೆದ ಗಳಿಗೆಯಲ್ಲಿ ಅಪ್ಪನೂ ಇಲ್ಲಿಂದ ಒದ್ದ. ಕಾಲಿನ ಕೆಳಗೆ ಚೆಂಡಿರಲಿಲ್ಲ, ಹೊಲಿಗೆ ಮಷಿನ್ನಿನ ಪೆಡಲಿತ್ತು. ಮಷಿನ್ನು ಗಡಗಡನೆ ಓಡಿ, ಒಬ್ಬ ಮದುಮಗನ ಕೋಟಿನ ತೋಳನ್ನು ಅದರ ಜೇಬಿಗೇ ಸೇರಿಸಿ ಹೊಲಿದು ನಿಂತಿತು. ಗಲಾಟೆಯಲ್ಲಿ ಅಪ್ಪನಿಗೆ ಅದು ಗೊತ್ತಾಗಲಿಲ್ಲ. ಮದುಮಗನಿಗೆ ಗೊತ್ತಾಗುವ ಹೊತ್ತಿಗೆ ಫೋಟೋದವನು ಬಂದಾಗಿತ್ತು. ಮದುವೆಯ ಫೋಟೋಗಳಲ್ಲೆಲ್ಲ ಅವನ ಒಂದು ಕೈ ಜೇಬಿನಲ್ಲೇ ಇದೆ. (ಹೆಣ್ಣಿನ ಕಡೆಯವರು "ಹುಡುಗನಿಗೆ ಎಷ್ಟು ಧಿಮಾಕು ನೋಡಿ" ಎಂದು ಇವತ್ತಿಗೂ ಹೇಳುತ್ತಾರಂತೆ.)

ಆವತ್ತು ಅಮ್ಮ ಅಪ್ಪನನ್ನು ಮಷಿನ್ನಿನ ಮುಂದೆ ನಿಲ್ಲಿಸಿದಳು.

"ರೀ, ಕೈ ಇಡಿ ಇದರ ಮೇಲೆ. 'ಇನ್ನು ಫುಟ್ಬಾಲ್ ನೋಡಲ್ಲ' ಅನ್ನಿ."

"ಫೈನಲ್ ಒಂದನ್ನ ಬಿಟ್ಟು..."

"ಕೈ ಇಡಿ!"

ಅಪ್ಪ ಇಟ್ಟ. ಆಣೆಯನ್ನಷ್ಟೇ ನಂಬಿ ಕೂರುವವಳಲ್ಲ ಅಮ್ಮ. ನಮ್ಮ ಟಿವಿಗೆ ಅಂಗಡಿಯಲ್ಲಿ ಉಳಿದಿದ್ದ ಅಸ್ತರ್ ಬಟ್ಟೆಯಿಂದ ಒಂದು ಗವಸು ಮಾಡಿ, ಬಾಯಿ ಬಿಡದ ಹಾಗೆ ಸುತ್ತಲೂ ತಾನೇ ಹೊಲಿದು, ಅಟ್ಟಕ್ಕೆ ಹಾಕಿಸಿದಳು. ಆ ಹೊಲಿಗೆ ಬಿಚ್ಚಿ ಮತ್ತೆ ಅದೇ ತೂತುಗಳಲ್ಲಿ ದಾರ ಕೂರಿಸುವುದು ಅಪ್ಪನಿಂದಲೂ ಆಗದ ಕೆಲಸ.

ಈ ಬೇಸಿಗೆಯಲ್ಲಿ ಮತ್ತೆ ಪಂದ್ಯಾವಳಿ ಬಂತು. ಅಪ್ಪನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಅವನಿಗೆ ಇಬ್ಬರು ಗೆಳೆಯರು. ಒಬ್ಬ ಬೇಕರಿ ಮಾಮ, ಒಬ್ಬ ವೈರಿಂಗ್ ಕೆಲಸದ ಕರೆಂಟ್ ಮಾಮ. ಬೇಕರಿ ಮಾಮನ ಮನೆಯಲ್ಲಿ ದೊಡ್ಡ ಟಿವಿ ಇದೆ, ಆದರೆ ರಿಮೋಟು ಬೇಕರಿ ಅತ್ತೆಯ ಮಡಿಲಲ್ಲಿದೆ. ಅತ್ತೆ ಧಾರಾವಾಹಿ ಬಿಟ್ಟು ಬೇರೇನೂ ನೋಡುವವಳಲ್ಲ, ಮೇಲಾಗಿ ಅಮ್ಮನ ಜೀವದ ಗೆಳತಿ. ಇನ್ನು ಊರಿನವರ ಟಿವಿಯನ್ನೆಲ್ಲ ರಿಪೇರಿ ಮಾಡುವ ಕರೆಂಟ್ ಮಾಮನ ಮನೆಯ ಟಿವಿ, ನನಗೆ ಬುದ್ಧಿ ಬಂದಾಗಿನಿಂದ ರಿಪೇರಿಯಲ್ಲೇ ಇದೆ.

ಹೀಗಿರುವಾಗ ಮೂವರೂ ಹೊಟ್ಟೆ ಕರಗಿಸಬೇಕೆಂದು ಒಂದು ಭಾನುವಾರ ಊರಾಚೆಯ ಬೆಟ್ಟ ಹತ್ತಲು ಹೊರಟರು. ಅವತ್ತು ನಿಜವಾಗಿಯೂ ಹತ್ತಲೆಂದೇ ಹೊರಟಿದ್ದರು, ಅದರಲ್ಲಿ ಮೋಸವಿರಲಿಲ್ಲ. ಅರ್ಧ ಬೆಟ್ಟದಲ್ಲಿ, ರಸ್ತೆಯ ಪಕ್ಕಕ್ಕೆ, ಒಬ್ಬ ಅಜ್ಜಿಯ ಚಹಾದಂಗಡಿ ಸಿಕ್ಕಿತು. ಒಳಗೆ ಬೆತ್ತದ ಕುರ್ಚಿಗಳು, ಗೋಡೆಯ ಮೇಲೆ ಟಿವಿ, ಟಿವಿಯಲ್ಲಿ ಹಸಿರು ಮೈದಾನ. ಅವರ ಪರ್ವತಾರೋಹಣ ಅಲ್ಲಿಗೆ ಮುಗಿಯಿತು.

"ಆಣೆ ಮನೇಲಿ ಮಾಡಿದ್ದು, ಇದು ಬೆಟ್ಟ" ಎಂದ ಅಪ್ಪ, ಕುರ್ಚಿ ಎಳೆದುಕೊಳ್ಳುತ್ತ.

"ಎತ್ತರಕ್ಕೆ ಹೋದ ಹಾಗೆಲ್ಲ ಆಣೆ ತೆಳ್ಳಗಾಗುತ್ತೆ ಕಣೋ" ಎಂದ ಕರೆಂಟ್ ಮಾಮ.

ಅಲ್ಲಿಂದ ಶುರುವಾಯಿತು ಸಾಹಸಗಳ ಸರಣಿ. ಅಪ್ಪ ಮೂವರಿಗೂ ಎಲ್ಲೆಂದರಲ್ಲಿ ಜೇಬಿರುವ ಖಾಕಿ ಪ್ಯಾಂಟು ಹೊಲಿದ. ಪ್ರತಿ ಭಾನುವಾರ ಹೆಗಲಿಗೆ ಚೀಲ ಏರಿಸಿ, ಬೇಕರಿ ಮಾಮನ ಬನ್ನು ತುಂಬಿಕೊಂಡು ಹೊರಡುವುದು. ಸಂಜೆ ಬಂದು ಊಟಕ್ಕೆ ಕೂತರೆ ಅಪ್ಪನ ಬಾಯಲ್ಲಿ ಶಿಖರಾರೋಹಣ, ವನಸಂಚಾರ, ಗುಹಾಪ್ರವೇಶ. ಒಂದು ವಾರ ಜಲಕ್ರೀಡೆ. ಅವತ್ತು ಕೆರೆಯಲ್ಲಿ ಈಜಿದೆವೆಂದು ತೋರಿಸಲು ಮೂವರೂ ಬೀದಿ ನಲ್ಲಿಯ ಕೆಳಗೆ ತಲೆಯೊಡ್ಡಿ, ಟವೆಲು ನೆನೆಸಿಕೊಂಡು ಬಂದರು. ಅಪ್ಪನ ಕಿವಿಯ ಹಿಂದೆ ಕ್ಷೌರದ ಸೋಪು ಹಾಗೇ ಉಳಿದಿತ್ತು. ಅಮ್ಮ ಅದನ್ನು ಬೆರಳಿನಿಂದ ಒರೆಸಿ ನೋಡಿದಳು. ಆದರೂ ಬೀದಿಯಲ್ಲೆಲ್ಲ, "ನಮ್ಮನೆಯವರು ಈ ವಯಸ್ಸಲ್ಲೂ ಬೆಟ್ಟ ಹತ್ತುತ್ತಾರೆ" ಎಂದು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದಳು.

ಫೈನಲ್ ಇನ್ನೊಂದೇ ವಾರವಿದೆ ಎನ್ನುವಾಗ ಆ ಪ್ಯಾಂಟು ಅಮ್ಮನ ಕೈಗೆ ಬಂತು. ಒಗೆಯುವ ಮೊದಲು ಹರಿದಿದೆಯೇ ಎಂದು ನೋಡುವುದು ಅವಳ ಅಭ್ಯಾಸ. ಬೆಳಕಿಗೆ ಹಿಡಿದು ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ರೀ, ಬನ್ನಿ ಇಲ್ಲಿ. ಬೆಟ್ಟ ಹತ್ತೋರ ಪ್ಯಾಂಟು ಎಲ್ಲಿ ಸವೆಯುತ್ತೆ?"

ಅಪ್ಪನಿಗೆ ತನ್ನ ವಿದ್ಯೆಯ ಬಗ್ಗೆ ಕೇಳಿದರೆ ಹಿಗ್ಗು. "ಮಂಡೀಲಿ. ಆಮೇಲೆ ಕಾಲಿನ ಅಂಚಲ್ಲಿ. ಯಾಕೆ?"

"ನಿಮ್ಮದು ಮಂಡೀಲಿ ಅಂಗಡಿಯಿಂದ ಈಗ ತಂದ ಹಾಗಿದೆ. ಹಿಂದುಗಡೆ ಮಾತ್ರ ಕನ್ನಡಿ ಆಗಿದೆ. ನನ್ನ ಮುಖ ಕಾಣುತ್ತೆ ನೋಡಿ."

ಅಪ್ಪ ಗಂಟಲು ಸರಿಮಾಡಿಕೊಂಡ. "ಅದು... ಇಳಿಯುವಾಗ ಕಣೇ. ಕೂತ್ಕೊಂಡು ಜಾರ್ತಾ ಇಳೀತೀವಿ. ಅದೊಂದು ಹೊಸ ವಿಧಾನ."

"ಓಹೋ. ಜಾರೋದು?"

"ಜಾರೋದು."

"ಚೆನ್ನಾಗಿದೆ. ಈ ಭಾನುವಾರ ನಾನೂ ಬರ್ತೀನಿ. ಬೇಕರಿ ಅತ್ತಿಗೇನೂ ಕರೀತೀನಿ. ಮೂರು ಹೊತ್ತೂ ಹೀಗೆ ಮನೇಲೇ ಕೂತು ಏನು ಮಾಡೋದು, ನಾವೂ ಒಂದು ಸಲ ಜಾರೋಣ."

ಈ ಭಾನುವಾರವೆಂದರೆ ಫೈನಲ್! ಹಳದಿ ಅಂಗಿಯವರಿಗೂ ನೀಲಿ ಅಂಗಿಯವರಿಗೂ. ಅಪ್ಪ ಆ ವಾರವಿಡೀ ಊಟ ಬಿಟ್ಟ. ಮಳೆ ಬರಬಹುದೆಂದ, ಬೆಟ್ಟದಲ್ಲಿ ಜೇನುಹುಳು ಎಂದ, ಅಮ್ಮನ ಮಂಡಿನೋವಿನ ಬಗ್ಗೆ ಮದುವೆಯಾದಾಗಿನಿಂದ ತೋರಿಸದ ಕಾಳಜಿಯನ್ನೆಲ್ಲ ಒಟ್ಟಿಗೆ ತೋರಿಸಿದ. ಅಮ್ಮ ಹೊಸ ಚಪ್ಪಲಿ ಕೊಂಡಳು.

ಭಾನುವಾರ ಐವರೂ ಬೆಟ್ಟದ ಬುಡಕ್ಕೆ ಹೋದರು. ನಾನು ನಮ್ಮ ಟೈಲರ್ ಅಂಗಡಿ ನೋಡಿಕೊಂಡು ಉಳಿದೆ. ರಸ್ತೆಯಲ್ಲೇ ಹೋದರೆ ಅಜ್ಜಿ ದೂರದಿಂದಲೇ "ಬಂದ್ರಾ ಮಕ್ಕಳಾ" ಎಂದು ಕೂಗುವುದು ಖಂಡಿತ. ಅದಕ್ಕೆ ಅಪ್ಪ ಒಂದು ಮಹಾಯೋಜನೆ ಹೂಡಿದ್ದ.

"ನೋಡಿ, ನಾವು ಅನುಭವಸ್ಥರು. ನಾವು ಬೆಟ್ಟದ ಹಿಂಬದಿಯಿಂದ ಹತ್ತುತ್ತೀವಿ, ಅಲ್ಲಿ ದಾರಿ ಕಷ್ಟ. ನೀವು ಹೆಂಗಸರು ಹಾಯಾಗಿ ರಸ್ತೇಲಿ ಹೋಗಿ. ಎಲ್ಲೂ ನಿಲ್ಲಬೇಡಿ, ನಿಂತರೆ ಉಸಿರು ಕಟ್ಟುತ್ತೆ. ತುದೀಲಿ ಸಿಗೋಣ."

"ಆಗಲಿ ಅಣ್ಣಾ, ನೀವು ಹುಷಾರು" ಎಂದಳು ಬೇಕರಿ ಅತ್ತೆ. ಅಮ್ಮ ಅಪ್ಪನ ಮುಖವನ್ನೇ ಒಂದು ಕ್ಷಣ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟಳು.

ಅಪ್ಪನ ಲೆಕ್ಕ ಹೀಗಿತ್ತು: ಅಜ್ಜಿಯ ಅಂಗಡಿಗೆ ಹಿಂದುಗಡೆ ಒಂದು ಕಿಟಕಿಯಿದೆ. ಹಿಂಬದಿಯಿಂದ ಬೇಗ ಹತ್ತಿ ಆ ಕಿಟಕಿಗೆ ಮುಖವಿಟ್ಟರೆ, ಹೆಂಗಸರು ತುದಿ ತಲುಪಿ ಕಾಯುವಷ್ಟರಲ್ಲಿ ಫೈನಲ್ ಮುಗಿಸಿಕೊಂಡು ಹೋಗಬಹುದು. ಕೇಳಲು ಚೆನ್ನಾಗಿಯೇ ಇದೆ. ಆದರೆ ಇಡೀ ಬೇಸಿಗೆ ಬೆಟ್ಟ ಹತ್ತಿದ ಈ ಮೂವರಲ್ಲಿ ಒಬ್ಬನೂ ಬೆಟ್ಟ ಹತ್ತಿರಲಿಲ್ಲ ಎನ್ನುವುದು ಅವರಿಗೇ ಮರೆತುಹೋಗಿತ್ತು.

ಹಿಂಬದಿಯಲ್ಲಿ ದಾರಿಯೇ ಇರಲಿಲ್ಲ. ಮುಳ್ಳಿನ ಪೊದೆ, ಅದು ಮುಗಿದರೆ ಇನ್ನೊಂದು ಜಾತಿಯ ಮುಳ್ಳಿನ ಪೊದೆ. ಕರೆಂಟ್ ಮಾಮ ದಾರಿ ನೋಡಲು ಫೋನು ತೆಗೆದ, ಫೋನು ಕೊರಕಲಿಗೆ ಹೋಯಿತು. ಬೇಕರಿ ಮಾಮ ಹಗುರಾಗಲೆಂದು ಬನ್ನುಗಳನ್ನೆಲ್ಲ ತಿಂದು ಇನ್ನೂ ಭಾರವಾದ. ಕೊನೆಗೆ ಮೂವರೂ ಒಂದು ಬಂಡೆಯ ಅಂಚಿಗೆ ತೆವಳಿ ಬಂದು ನಿಂತರು. ಅಲ್ಲಿಂದ ಮೇಲೆ ಹೋಗುವಂತಿಲ್ಲ, ಕೆಳಗೆ ನೋಡುವಂತಿಲ್ಲ. ತಲೆಯ ಮೇಲೆ, ಅನತಿ ದೂರದಲ್ಲಿ, ಅಜ್ಜಿಯ ಅಂಗಡಿಯ ಹೊಗೆ ಕಾಣುತ್ತಿತ್ತು.

ಆಗ ಮೇಲಿನಿಂದ "ಓ...!" ಎಂದು ದೊಡ್ಡ ಕೂಗು ಬಂತು.

"ಗೋಲು!" ಎಂದ ಅಪ್ಪ, ಒಂದು ಬೇರನ್ನು ತಬ್ಬಿಕೊಂಡು. "ನಮ್ಮ ಹಳದಿಯವರದ್ದು."

"ನಿನಗೆ ಹೇಗೋ ಗೊತ್ತು?"

"ಕೂಗಲ್ಲೇ ಗೊತ್ತಾಗುತ್ತೆ."

"ಕೂಗಿಗೆಲ್ಲ ಬಣ್ಣ ಇರುತ್ತೇನೋ?" ಎಂದ ಕರೆಂಟ್ ಮಾಮ.

ಮತ್ತೊಂದು ಕೂಗು ಬಂತು. ಈ ಸಲ ಬೇಕರಿ ಮಾಮ ಕಿವಿ ನಿಮಿರಿಸಿದ. "ಲೋ, ಇದರಲ್ಲಿ ನಮ್ಮನೆಯವಳ ದನಿ ಇದೆ ಕಣೋ."

"ಭ್ರಮೆ. ಅವರು ಇಷ್ಟು ಹೊತ್ತಿಗೆ ತುದೀಲಿರ್ತಾರೆ."

"ಇಪ್ಪತ್ತು ವರ್ಷದಿಂದ ಆ ದನಿ ಕೇಳಿ ಏಳ್ತಿದೀನಿ, ನನಗೆ ಗೊತ್ತಾಗಲ್ವೇನೋ? ಕಾಪಾಡ್ರೋ! ಯಾರಾದ್ರೂ ಬನ್ರೋ!"

ಅಪ್ಪ ಅವನ ಬಾಯಿಗೆ ಟೋಪಿ ಒತ್ತಿದ. "ಕೂಗಬೇಡ್ವೋ! ಸ್ಕೋರು ಕೇಳಿಸಲ್ಲ!"

ಆದರೆ ಬೇಕರಿಯಲ್ಲಿ ಹುಡುಗರನ್ನು ಗದರಿ ಪಳಗಿದ ಗಂಟಲು ಅದು, ಟೋಪಿಗೆ ನಿಲ್ಲುವಂಥದ್ದಲ್ಲ. ಸ್ವಲ್ಪ ಹೊತ್ತಿಗೆ ಮೇಲಿನ ಅಂಚಿನಲ್ಲಿ ತಲೆಗಳು ಕಂಡವು. ಚಹಾ ಕುಡಿಯುತ್ತಿದ್ದವರು, ಲಾರಿಯವರು, ಬೇಕರಿ ಅತ್ತೆ, ಎಲ್ಲರ ಮುಂದೆ ಬಟ್ಟೆ ಒಣಹಾಕುವ ಹಗ್ಗ ಹಿಡಿದ ಅಮ್ಮ. ಅವಳ ಮುಖ ಕೆಂಪಗಾಗಿತ್ತು. ಗಾಬರಿಯಿಂದ ಎಂದುಕೊಂಡು ಅಪ್ಪನ ಎದೆ ಕರಗಿತು.

"ಅಳಬೇಡ ಕಣೇ, ನನಗೇನೂ ಆಗಿಲ್ಲ."

"ಯಾರು ಅಳ್ತಿರೋದು! ಬರೀ ಕೊನೇ ಒದೆತಗಳು ಉಳಿದಿದ್ವು! ಇನ್ನೊಂದು ಕಾಲು ಗಂಟೆ ಅಲ್ಲೇ ನೇತಾಡ್ತಾ ಇರೋಕೆ ನಿಮಗೇನಾಗಿತ್ತು?"

ನೀರು ಕುಡಿಯಲೆಂದು ಅಜ್ಜಿಯ ಅಂಗಡಿಗೆ ಹೋದ ಇಬ್ಬರೂ ಅಲ್ಲೇ ಕೂತುಬಿಟ್ಟಿದ್ದರು. ಮೊದಲು ಆಟಗಾರರ ಅಂಗಿಯ ಹೊಲಿಗೆ ನೋಡಲು ಕೂತಳಂತೆ ಅಮ್ಮ. ಆಮೇಲೆ ಹೊಲಿಗೆ ಮರೆತಳು. ಎರಡೂ ಕಡೆಯವರು ಎರಡೆರಡು ಗೋಲು ಹೊಡೆದು, ಹೆಚ್ಚುವರಿ ಹೊತ್ತಿನ ಆಟವೂ ಮುಗಿದು, ಪೆನಾಲ್ಟಿಗೆ ಚೆಂಡು ಇಟ್ಟಾಗಲೇ ಬೇಕರಿ ಮಾಮನ ಕೂಗು ಬಂದದ್ದು.

ಹಗ್ಗ ಹಿಡಿದು ಮೇಲೆ ಬರುವಷ್ಟು ದೂರವೂ ಅಮ್ಮ ಅಪ್ಪನಿಗೆ ಆಟ ವಿವರಿಸಿದಳು. "ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ. ಆ ಕಪ್ಪು ಚಡ್ಡಿ ಸೀಟಿಯವನು ನೀಲಿಯವರ ಕಡೆಯವನು. ಹಳದಿಯವರ ಹುಡುಗ ಚೆಂಡಿಗಿಂತ ಬೇಗ ಬಂದು ನಿಂತಿದ್ದಕ್ಕೆ ಗೋಲೇ ಇಲ್ಲ ಅಂದುಬಿಟ್ಟ. ಹೊತ್ತಿಗೆ ಮುಂಚೆ ಬಂದಿದ್ದೇ ತಪ್ಪಾ ರೀ?"

ಆ ತಪ್ಪಿಗೆ ಆಟದಲ್ಲಿರುವ ಹೆಸರು, ಆಫ್‌ಸೈಡ್ ಎಂಬ ಪದ, ಅಪ್ಪನ ನಾಲಿಗೆಯ ತುದಿಗೆ ಬಂದು ಒದ್ದಾಡಿತು. ಅವನು ತುಟಿ ಕಚ್ಚಿಕೊಂಡು, "ಹೌದಾ? ಇದು ಯಾವ ಆಟ?" ಎಂದು ಕೇಳಿದ. ಇಡೀ ಬೆಟ್ಟದಲ್ಲಿ ಅವನು ಮಾಡಿದ ನಿಜವಾದ ಸಾಹಸ ಇದೊಂದೇ.

ಎಲ್ಲರೂ ಓಡೋಡಿ ಅಂಗಡಿಗೆ ಬಂದರು. ಟಿವಿ ಕಪ್ಪಗಿತ್ತು. ಅಜ್ಜಿ ಲೋಟ ತೊಳೆಯುತ್ತಿದ್ದಳು.

"ಎಲ್ಲರೂ ಎದ್ದು ಹೋದ್ರಲ್ಲ. ಖಾಲಿ ಕುರ್ಚಿಗೆ ಯಾಕೆ ತೋರಿಸಲಿ ಅಂತ ಆರಿಸಿದೆ."

"ಅಯ್ಯೋ ಅಜ್ಜೀ!" ಅಪ್ಪನ ಕಟ್ಟೆ ಒಡೆಯಿತು. "ಪೆನಾಲ್ಟಿ ನಡೀತಿರೋವಾಗ ಯಾರಾದ್ರೂ ಆರಿಸ್ತಾರಾ? ಫೈನಲ್ ಅಲ್ವಾ! ನಮ್ಮ ಹಳದಿಯವರ ಗೋಲ್‌ಕೀಪರು ಎಡಗಡೆಗೇ ಹಾರ್ತಾನೆ, ಅದು ಆ ನೀಲಿಯವರಿಗೆ ಗೊತ್ತಾಗಿಬಿಟ್ಟರೆ..."

ಮಾತು ಅರ್ಧದಲ್ಲಿ ನಿಂತಿತು. ಅಮ್ಮ ಅವನ ಕಡೆಗೆ ತಿರುಗಿದ್ದಳು. ಟಿವಿ ಮತ್ತೆ ಹಾಕಲು ಹೋದರೆ ಕರೆಂಟೂ ಹೋಗಿತ್ತು. ಎಲ್ಲರೂ ಕರೆಂಟ್ ಮಾಮನ ಕಡೆ ನೋಡಿದರು. ಅವನು ಆಕಾಶ ನೋಡಿದ.

"ನೀನ್ಯಾಕಪ್ಪಾ ಇವತ್ತು ಹಿಂದುಗಡೆಯಿಂದ ಬಂದೆ?" ಎಂದಳು ಅಜ್ಜಿ ಪ್ರೀತಿಯಿಂದ. "ನಿನ್ನ ಕುರ್ಚಿ ಕಾದಿಟ್ಟಿದ್ದೆ. ಈ ತಾಯಿ ಬಂದು ಕೂತ್ಕೊಂಡ್ಲು."

"ಪ್ರತಿ ಭಾನುವಾರ ಬರ್ತಾರಾ ಅಜ್ಜಿ?" ಅಮ್ಮನ ದನಿ ಬೆಣ್ಣೆಯಂತಿತ್ತು.

"ಒಂದು ವಾರ ಜೋರು ಮಳೆ ಇತ್ತು ಕಣೇ, ಅವತ್ತು..." ಎಂದ ಅಪ್ಪ.

"ಅವತ್ತೂ ಬಂದಿದ್ದೆಯಲ್ಲ ಮಗಾ, ಕೊಡೆ ಹಿಡ್ಕೊಂಡು!"

ಅಮ್ಮ ಆ ಬೆತ್ತದ ಕುರ್ಚಿಯನ್ನು ನೋಡಿದಳು, ಅಪ್ಪನ ಪ್ಯಾಂಟಿನ ಹಿಂಭಾಗವನ್ನು ನೋಡಿದಳು. ಅಳತೆ ಸರಿಯಾಗಿತ್ತು. ಅಪ್ಪ ತಲೆ ತಗ್ಗಿಸಿ ಬೈಗಳಿಗೆ ಕಾದು ನಿಂತ. ಬೈಗಳು ಬರಲಿಲ್ಲ.

"ಇಷ್ಟು ಚೆನ್ನಾಗಿರೋ ಆಟನ," ಎಂದಳು ಅಮ್ಮ, "ನನ್ನ ಬಿಟ್ಟು ನೀವೊಬ್ಬರೇ ನೋಡ್ತಿದ್ರಾ?"

ಅಪ್ಪ ಉತ್ತರಕ್ಕಾಗಿ ಪ್ಯಾಂಟಿನ ಜೇಬುಗಳನ್ನೆಲ್ಲ ಒಂದೊಂದಾಗಿ ತಡಕಾಡತೊಡಗಿದ.

ಇಳಿಯುವ ದಾರಿಯುದ್ದಕ್ಕೂ ಅಪ್ಪ ಯಾರು ಗೆದ್ದರೆಂದು ಕೇಳಬೇಕೆಂದರೂ ಎದುರಿಗೆ ಯಾರೂ ಸಿಗಲಿಲ್ಲ. ಪಂದ್ಯದ ಕೊನೆಯನ್ನು ಸಂಜೆ ಮತ್ತೆ ತೋರಿಸುತ್ತಾರೆಂದು ಲಾರಿಯವರು ಹೇಳಿದ್ದರು. ಊರು ತಲುಪಿದ್ದೇ ಇಬ್ಬರು ಹೆಂಗಸರೂ ನೇರ ಬೇಕರಿ ಅತ್ತೆಯ ಮನೆಗೆ ನಡೆದರು. ಅತ್ತೆ ಧಾರಾವಾಹಿಯನ್ನು ನಿಲ್ಲಿಸಿ ಆಟ ಹಾಕಿದಳು; ಬೇಕರಿ ಮಾಮ ಬಾಗಿಲಲ್ಲೇ ಬಾಯಿ ತೆರೆದು ನಿಂತ. ಅಪ್ಪ ಆಸೆಯಿಂದ ಹೊಸ್ತಿಲಲ್ಲಿ ಒಂದು ಕಾಲಿಟ್ಟ.

"ನೀವೆಲ್ಲಿಗೆ?" ಎಂದಳು ಅಮ್ಮ.

"ಅಲ್ಲ ಕಣೇ, ಈಗ ನಿನಗೂ ಇಷ್ಟ ಆಗಿದೆಯಲ್ಲ. ಆ ಆಣೆ..."

"ಆಣೆ ನಾನು ಮಾಡಿಲ್ಲ. ನೀವು ಮಾಡಿದ್ದು. ಹೊರಗೆ ಕೂತ್ಕೊಳ್ಳಿ."

ಬಾಗಿಲು ಮುಚ್ಚಿತು. ಅಪ್ಪ ಮೆಟ್ಟಿಲ ಮೇಲೆ ಕೂರಲು ನೋಡಿದ, ಪ್ಯಾಂಟಿಗೆ ಹತ್ತಿಕೊಂಡಿದ್ದ ಪೊದೆಯ ಮುಳ್ಳು ಚುಚ್ಚಿ ಎದ್ದ. ನಿಂತೇ ಕಿವಿ ಗೋಡೆಗೆ ಕೊಟ್ಟ. ಒಳಗೆ ಕೂಗು ಎದ್ದಿತು. ಅಮ್ಮನದೇ ಎಲ್ಲಕ್ಕಿಂತ ಜೋರು. ಆದರೆ ಅದರಲ್ಲಿ ಯಾವ ಬಣ್ಣವೂ ಕಾಣಲಿಲ್ಲ.

ಅಂಗಡಿ ಮುಚ್ಚಿ ಬಂದ ನಾನು ಒಳಗೆ ಕೂತು ಕೊನೆಯವರೆಗೂ ನೋಡಿದೆ. ಯಾರು ಗೆದ್ದರೆಂದು ನನಗೆ ಗೊತ್ತು. ಅಪ್ಪನಿಗೆ ನಾಳೆಯವರೆಗೂ ಯಾರೂ ಹೇಳಕೂಡದೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಾಳೆ. ಅವನು ಇನ್ನೂ ಹೊರಗೇ ನಿಂತಿದ್ದಾನೆ. ನಾನೀಗ ಸಣ್ಣ ಸೂಜಿಯನ್ನೂ ದೀಪವನ್ನೂ ತೆಗೆದುಕೊಂಡು ಹೋಗಿ ಅವನ ಹಿಂದುಗಡೆಯ ಮುಳ್ಳು ತೆಗೆಯುತ್ತೇನೆ.