ಒಣ ಗಿಡಗಳ ಚಾರ್ಜು ಯಾರಿಗೆ?

ನಮ್ಮ ಮೈದುನನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಆದರೆ ಒಬ್ಬನೇ ಕುಳಿತು ಸಭೆ ನಡೆಸಿ, ಅದರಲ್ಲಿ ಭಿನ್ನಾಭಿಪ್ರಾಯವನ್ನೂ ಎಬ್ಬಿಸುವ ಗಂಡಸನ್ನು ನೀವು ಎಲ್ಲಿಯಾದರೂ ನೋಡಿದ್ದರೆ ಹೇಳಿ!

ಅವನು ಧಾರವಾಡದಲ್ಲಿ ವಿಶ್ವವಿದ್ಯಾಲಯದ ಹುಡುಗರಿಗೆ ಗಿಡಮರಗಳ ಪಾಠ ಹೇಳುವ ಪ್ರೊಫೆಸರ್. ಲಗ್ನವಾಗಲಿಲ್ಲ. ಸಪ್ತಾಪುರದ ನಮ್ಮ ಮನೆಯ ಮಹಡಿಯ ಮೇಲೆ ಇರುತ್ತಾನೆ, ಊಟ ನನ್ನ ಕೈಯದು. ಹಿಂದೆ ಅವನ ವಿಭಾಗದಲ್ಲಿ ಏಳು ಜನ ಮೇಷ್ಟ್ರಿದ್ದರು. ಒಬ್ಬೊಬ್ಬರಾಗಿ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಾಯಂ ಎಂದು ಉಳಿದವನು ಇವನೊಬ್ಬ. ಅಧ್ಯಕ್ಷ ಇವನೇ, ಸದಸ್ಯ ಇವನೇ, ನಡಾವಳಿ ಬರೆಯುವವನೂ ಇವನೇ. ಆದರೂ ತಿಂಗಳ ಸಭೆ ಒಮ್ಮೆಯೂ ತಪ್ಪಿಸಿದವನಲ್ಲ.

“ಇವತ್ತಿನ ಠರಾವು ಬಹುಮತದಿಂದ ಪಾಸಾತ್ರಿ ವೈನಿ,” ಎಂದ ಒಂದು ದಿನ, ರೊಟ್ಟಿ ಮುರಿಯುತ್ತ.

“ಒಬ್ಬಾಂವ ಇದ್ದಲ್ಲೆ ಬಹುಮತ ಹೆಂಗೋ? ಎಲ್ಲಾರೂ ಒಪ್ಪಿದ್ರು ಅನ್ನು.”

“ಎಲ್ಲಿ ಒಪ್ಪೇನ್ರಿ? ನನಗ ಅದು ಪೂರಾ ಮನಸ್ಸಿಗೆ ಬಂದಿಲ್ಲ!”

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಮನೆ ಪಾಲು ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಉಪ್ಪಿನಬೆಟಗೇರಿಯ ನನ್ನ ತವರಿನಲ್ಲಿ ನಾಲ್ವರು ಅಣ್ಣತಮ್ಮಂದಿರು ಬೇರೆಯಾದಾಗ, ಹಿರಿಯರು ಒಬ್ಬೊಬ್ಬನಿಗೂ ಒಂದು ರೊಟ್ಟಿ ಹಂಚು, ಒಂದು ಕೊಡ, ಒಂದು ಚೀಲ ಜೋಳ ಕೊಟ್ಟೇ ಹೊರಗೆ ಹಾಕಿದರು. ಸರ್ಕಾರಕ್ಕೆ ಅಷ್ಟು ಹಿರಿತನವೂ ಬೇಡವೇ? ಕಾಯ್ದೆ ಮಾಡಿ, ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂದಿತು. ಇವನಿರುವ ಹಳೆಯದರ ಕೈಯಲ್ಲಿದ್ದ ಕಾಲೇಜುಗಳನ್ನು ಹೊಸವಕ್ಕೆ ಹಂಚಿತು. ಅವುಗಳಿಂದ ಬರುತ್ತಿದ್ದ ಪರೀಕ್ಷಾ ಶುಲ್ಕವೂ ಅವುಗಳ ಹಿಂದೆಯೇ ನಡೆಯಿತು. ಹಳೆಯ ಮನೆ ಬಡವಾಯಿತು, ಹೊಸ ಮನೆಗೆ ಒಲೆಯನ್ನೇ ಹೂಡಿ ಕೊಡಲಿಲ್ಲ. ಈಗ ಹೊಸವನ್ನು ನಡೆಸಬೇಕೋ ಮುಚ್ಚಬೇಕೋ ಎಂದು ಚರ್ಚೆಯಂತೆ! ಹಡೆದ ಮೇಲೆ ಕೂಸನ್ನು ಸಾಕುವುದೋ ಬೇಡವೋ ಎಂದು ಪಂಚರನ್ನು ಕೂಡಿಸುವವರಿಗೆ ಏನನ್ನಬೇಕು?

ಬಜೆಟ್ಟಿನ ದಿನ ಇವನ ಅವತಾರ ನೋಡಬೇಕು. ಸ್ನಾನ ಮಾಡಿ, ವಿಭೂತಿ ಹಚ್ಚಿ, ನೋಟ್‌ಬುಕ್ಕು ಹಿಡಿದು ಟಿ.ವಿ. ಮುಂದೆ ಕೂರುತ್ತಾನೆ. ಮಿಕ್ಸರ್ ಹಾಕುವಂತಿಲ್ಲ. ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ಈ ಸಲ ಮಂತ್ರಿಗಳ ಭಾಷಣದಲ್ಲಿ ಉನ್ನತ ಶಿಕ್ಷಣ ಎಂಬ ಮಾತು ಬಂತು. ಇವನು ತುದಿಗಾಲ ಮೇಲೆ ಎದ್ದು ನಿಂತ.

“ಏನ್ ಕೊಟ್ರೋ?” ಎಂದೆ ಅಡುಗೆಮನೆಯಿಂದ.

“ನೀರು ಕುಡದ್ರು ವೈನಿ.”

“ಆಮ್ಯಾಲೆ?”

“ಆಮ್ಯಾಲೆ ರಸ್ತಾದ ಸುದ್ದಿಗೆ ಹೋದ್ರು.”

ಅವತ್ತು ನಮ್ಮ ಮನೆಯಲ್ಲಿ ಬೇಳೆಯೂ ಬೇಯಲಿಲ್ಲ.

ಇವನ ಜೀವವೆಲ್ಲ ಇರುವುದು ಒಂಬತ್ತು ಕಪಾಟುಗಳಲ್ಲಿ. ಒಳಗೇನು, ಬಂಗಾರವೇ? ಒಣಗಿದ ಗಿಡಗಳು! ಹಾಳೆಗೆ ಹಚ್ಚಿ, ಹೆಸರು ಬರೆದು, ಎಲ್ಲಿ ಸಿಕ್ಕಿತೆಂದು ನಮೂದಿಸಿ ಇಟ್ಟದ್ದು. ಮೊದಮೊದಲು ನಾನೂ ನಕ್ಕಿದ್ದೆ. ಒಮ್ಮೆ ಒಂದು ಹಾಳೆ ತೋರಿಸಿ, ಇದು ತಾರಿಹಾಳದಲ್ಲಿ ಸಿಕ್ಕಿದ್ದು, ಅಲ್ಲಿ ಈಗ ಕಾರ್ಖಾನೆ, ಈ ಗಿಡವನ್ನು ನೋಡಬೇಕೆಂದರೆ ಈ ಹಾಳೆಯಲ್ಲೇ ನೋಡಬೇಕು ಎಂದ. ಆಮೇಲೆ ನಗಲಿಲ್ಲ.

ಈ ಹಾಳೆಗಳಿಗೆ ಹುಳದ ಕಾಟ. ಹುಳ ಓಡಿಸುವ ಗುಳಿಗೆಗೆ ಅನುದಾನ ಬರಲಿಲ್ಲ. ಕಡತ ಎಲ್ಲೋ ಬೆಂಗಳೂರಿನಲ್ಲಿ ಕುಳಿತಿತ್ತು. ನಾವು ಹೆಂಗಸರು ಕಾಳಿನ ಡಬ್ಬಿಗೆ ಏನು ಹಾಕುತ್ತೇವೆ? ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಒಂದೆರಡು ತುಂಡು ಬಜೆ. ಅದನ್ನೇ ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟೆ. ಆರು ವರ್ಷದಿಂದ ತಿಂಗಳಿಗೊಮ್ಮೆ ಇವನ ಸ್ಕೂಟರಿನ ಮೇಲೆ ಗಂಟು ಹೋಗುತ್ತಿದೆ. ಸರ್ಕಾರದ ಬೊಕ್ಕಸಕ್ಕೆ ಆಗದ್ದನ್ನು ನಮ್ಮ ಹಿತ್ತಿಲ ಬೇವಿನಮರ ಮಾಡಿತು!

ಈ ವರ್ಷ ಇವನ ನಿವೃತ್ತಿ ಬಂತು. ಆಗ ಎದ್ದಿತು ನೋಡಿ ಹೊಸ ತಕರಾರು: ಕಪಾಟುಗಳ ಚಾರ್ಜು ಯಾರಿಗೆ? ಕಾಯಂ ಸಿಬ್ಬಂದಿಗೆ ಮಾತ್ರ ಕೊಡಬೇಕಂತೆ. ಕಾಯಂ ಸಿಬ್ಬಂದಿ ಇಲ್ಲವೇ ಇಲ್ಲ. ಇರುವವಳು ಒಬ್ಬ ಅತಿಥಿ ಉಪನ್ಯಾಸಕಿ, ಇವನದೇ ವಿದ್ಯಾರ್ಥಿನಿ. ಒಂದೊಂದು ಹಾಳೆಯೂ ಅವಳಿಗೆ ಬಾಯಿಪಾಠ. ಆದರೆ ಸಹಿ ಮಾಡುವಂತಿಲ್ಲ! ಹನ್ನೆರಡು ವರ್ಷದಿಂದ ಅತಿಥಿ. ವರ್ಷಕ್ಕೆ ಹತ್ತು ತಿಂಗಳು ದುಡಿಸಿಕೊಂಡು ಎರಡು ತಿಂಗಳು ಸಂಬಳವಿಲ್ಲದೆ ಮನೆಗೆ ಕಳಿಸುತ್ತಾರೆ. ನಮ್ಮ ಮನೆಗೆ ಬಂದ ಅತಿಥಿಗೆ ನಾನು ಹೀಗೆ ಮಾಡಿದ್ದರೆ ಓಣಿಯವರು ನನ್ನ ಮುಖಕ್ಕೆ ಉಗಿಯುತ್ತಿದ್ದರು.

ಹಾಗಾಗಿ, ಹೊಸಬರು ನೇಮಕವಾಗುವ ತನಕ ಕೋಣೆಗೆ ಅರಗಿನ ಮುದ್ರೆ ಹಾಕುವುದೆಂದು ತೀರ್ಮಾನವಾಯಿತು. ಅದೂ ಮಳೆಗಾಲದಲ್ಲಿ! ಥಂಡಿ ಹಿಡಿದ ಕೋಣೆಯಲ್ಲಿ ಒಂದೇ ಮಳೆಗಾಲ ಕಳೆದರೆ ಹಾಳೆಗಳೆಲ್ಲ ಹುಳ ತಿಂದು ಹಿಟ್ಟಾಗುತ್ತವೆ. ಮೈದುನ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಯ ದಿನ ನಾನೇ ಗಂಟು ಹಿಡಿದು ಅವನ ಸಂಗಡ ಹೋದೆ.

ಮುದ್ರೆ ಹಾಕಲು ಬಂದ ಅಧಿಕಾರಿ ಮೇಣದ ಬತ್ತಿ ಹಚ್ಚಿ ಅರಗು ಕರಗಿಸುತ್ತಿದ್ದ.

“ನೀವ್ಯಾಕ ಬಂದ್ರಿ ಅಜ್ಜಿ?”

“ಬೇವಿನ ಎಲಿ ಇಡಾಕ. ಇನ್ ಮ್ಯಾಲೆ ತಿಂಗಳಾ ಯಾರು ಇಡತೀರಿ?”

“ಕಾಯಂ ಮಂದಿ ಬಂದ ಮ್ಯಾಲೆ ಅವರು ಇಡ್ತಾರ್ರಿ.”

“ಅವರು ಯಾವಾಗ ಬರ್ತಾರ?”

“ಆರ್ಥಿಕ ಇಲಾಖಿ ಒಪ್ಪಿಗಿ ಕೊಟ್ಟ ಮ್ಯಾಲೆ.”

“ಅಲ್ಲಿತನಕಾ ಉಪಾಸ ಇರ್ರಿ ಅಂತ ಹುಳಕ್ಕ ಹೇಳೀರೇನು?”

ಅಲ್ಲೇ ನಿಂತಿದ್ದ ಆ ಅತಿಥಿ ಹುಡುಗಿ ಗೋಡೆಯ ಕಡೆ ತಿರುಗಿ ನಕ್ಕಳು. ಅಧಿಕಾರಿಯ ಮುಖ ಸಣ್ಣದಾಯಿತು. “ನಾ ಏನ್ ಮಾಡ್ಲಿ ಅಜ್ಜಿ, ಕಾಯ್ದೆ ನಾ ಬರದದ್ದಲ್ಲ,” ಎಂದ.

“ಅದಿರಲಿ. ಈ ಕೋಣಿ ಕಸಾ ಯಾರು ಹೊಡಿತಾರ?”

“ಗುತ್ತಿಗಿ ಮಂದಿ.”

“ಅವರಿಗೂ ಬೆಂಗಳೂರಿನ ಒಪ್ಪಿಗಿ ಬೇಕೇನು?”

“ಇಲ್ರಿ. ಕಸಾ ಹೊಡಿಯಾಕ ಯಾರಾದ್ರೂ...” ಎಂದವನು ಅಲ್ಲಿಗೇ ನಿಂತ. ನನ್ನ ಮುಖ ನೋಡಿದ. ಮೈದುನನ ಮುಖ ನೋಡಿದ. ಕರಗಿದ ಅರಗು ಮೇಜಿನ ಮೇಲೆ ಬೀಳುತ್ತಿತ್ತು. ಬತ್ತಿ ಊದಿ ಆರಿಸಿ, ಕಾಗದದ ಮೇಲೆ ಬರೆದ: ಬೀಗ ಮಾತ್ರ. ತಿಂಗಳ ಮೊದಲ ಸೋಮವಾರ ಸ್ವಚ್ಛತೆಗಾಗಿ ತೆರೆಯತಕ್ಕದ್ದು. ಯಾರು ಸ್ವಚ್ಛ ಮಾಡಬೇಕೆಂದು ಬರೆಯಲಿಲ್ಲ. ಪುಣ್ಯವಂತ!

ಮೊದಲ ಸೋಮವಾರ ಮೂವರೂ ಹೋದೆವು. ಪಾಠ ಕಲಿಸಿ ಕೂದಲು ನೆರೆತ ಪ್ರೊಫೆಸರ್ ಕಸಬರಿಗೆ ಹಿಡಿದದ್ದು ಛತ್ರಿ ಹಿಡಿದ ಹಾಗಿತ್ತು.

“ನಡಾ ಬಗ್ಸೋ! ಧೂಳು ಮ್ಯಾಲ ಹಾರಸಾಕ ಬಂದೀಯೇನು?”

“ಕಲಿತೇನ್ರಿ ವೈನಿ.”

ಅಷ್ಟರಲ್ಲಿ ಆ ಹುಡುಗಿ ಮೊದಲ ಕಪಾಟು ತೆರೆದಳು. ಆ ತಿಂಗಳು ಅವಳ ಸಂಬಳವಿಲ್ಲದ ಎರಡು ತಿಂಗಳಲ್ಲಿ ಒಂದು. ಇವನು ಕಸಬರಿಗೆಯನ್ನು ಗೋಡೆಗೆ ಆನಿಸಿ ಅವಳ ಪಕ್ಕ ನಿಂತ. ಒಂದೊಂದೇ ಹಾಳೆ ಎತ್ತಿ ಹೆಸರು ಹೇಳತೊಡಗಿದ. ಯಾವ ಹಳ್ಳದ ದಂಡೆಯಲ್ಲಿ ಸಿಕ್ಕಿತು, ಯಾವ ತಿಂಗಳಲ್ಲಿ ಹೂ ಬಿಡುತ್ತಿತ್ತು, ಎಲ್ಲ.

ಅವಳಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಕೇಳಿಸಿಕೊಂಡಳು.

ನಾನು ಕಸಬರಿಗೆ ತೆಗೆದುಕೊಂಡು, ಸಪ್ಪಳವಾಗದ ಹಾಗೆ ಉಳಿದ ಕಸ ಗುಡಿಸಿದೆ.