ಫಸ್ಟ್ ಟೈಮೇ ಯೆಸ್ ಅನ್ನುವುದು ಹೇಗೆ?

ಯಾರ ಮನೆಗಾದರೂ ಹೋದಾಗ ಅವರು "ಕಾಫಿ ಕುಡೀತೀರಾ?" ಎಂದು ಕೇಳಿದ್ದೇ ತಡ "ಹೂಂ, ಕೊಡಿ" ಎಂದುಬಿಡುವವರನ್ನು ಕಂಡರೆ ನನಗೆ ಒಂಥರಾ ಭಯ. ಇಂಥವರು ಇನ್ನು ಸ್ವಲ್ಪ ಹೊತ್ತಿಗೆ ಮತ್ತೇನು ಕೇಳಿಯಾರೋ ಎಂದು. ನಾನು ಹುಟ್ಟಿ ಬೆಳೆದ ಕುಣಿಗಲ್ಲಿನಲ್ಲಿ ಬೇಡ ಎನ್ನುವುದಕ್ಕೂ ಒಂದು ಕ್ರಮವಿದೆ. ಮೊದಲ ಸಲ ಬೇಡ ಎನ್ನುವುದು ನಮ್ಮ ಮರ್ಯಾದೆಗೆ. ಎರಡನೆಯ ಸಲ ಬೇಡ ಎನ್ನುವುದು ಅವರು ಬಾಯಿಮಾತಿಗೆ ಕೇಳುತ್ತಿದ್ದಾರೋ ಮನಸಾರೆ ಕೇಳುತ್ತಿದ್ದಾರೋ ತಿಳಿದುಕೊಳ್ಳಲಿಕ್ಕೆ. ಅಷ್ಟಾದ ಮೇಲೂ ಅವರು ಬಲವಂತ ಮಾಡಿದರೆ "ಹಂಗಾದ್ರೆ ಒಂದರ್ಧ ಲೋಟ ಕೊಡಿ" ಎನ್ನಬಹುದು. ಆ ಅರ್ಧ ಲೋಟ ತುಂಬಿ ತುಳುಕುತ್ತಲೇ ಬರುತ್ತದೆ. ನಮ್ಮ ಚಿಕ್ಕಪ್ಪ ಒಮ್ಮೆ ಬೆಂಗಳೂರಿನಲ್ಲಿ ಯಾರೋ ಪರಿಚಯದವರ ಮನೆಗೆ ಹೋಗಿದ್ದಾಗ ಅವರು ಊಟ ಮಾಡ್ತೀರಾ ಎಂದರಂತೆ, ಇವರು ಬೇಡ ಎಂದರಂತೆ, ಅವರು ಸರಿ ಎಂದು ಟಿವಿ ಹಾಕಿಕೊಂಡು ಕೂತರಂತೆ. ಚಿಕ್ಕಪ್ಪ ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿ ಊರಿಗೆ ಬಂದು, "ಪಾಪ, ಅವ್ರ ಮನೇಲಿ ಗ್ಯಾಸ್ ಖಾಲಿಯಾಗಿತ್ತು ಅಂತ ಕಾಣ್ಸುತ್ತೆ" ಎಂದು ಆ ಮನೆಯವರ ಮಾನ ಕಾಪಾಡಿದರು. ಇಂಥ ವಂಶದಲ್ಲಿ ಹುಟ್ಟಿದ ನನ್ನನ್ನು ಸರ್ಕಾರ ಇಂಗ್ಲಿಷ್ ಮೇಡಂ ಮಾಡಿಬಿಟ್ಟಿತು.

ಈಗ ತುಮಕೂರಿನಲ್ಲಿ ಮನೆ. ಗುಬ್ಬಿಯ ಒಂದು ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ನನ್ನ ಇಂಗ್ಲಿಷಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಬೋರ್ಡಿನ ಮೇಲೆ ಅದು ಬಲು ಚೆನ್ನಾಗಿ ಕಾಣುತ್ತದೆ. ಬಾಯಿಗೆ ಬರುವ ಹೊತ್ತಿಗೆ ಸ್ವಲ್ಪ ಸುಸ್ತಾಗಿರುತ್ತದೆ. ಕೋಪ ಬಂದಾಗಲಂತೂ ನನ್ನನ್ನು ನಡುನೀರಿನಲ್ಲಿ ಕೈಬಿಟ್ಟು ಎಲ್ಲಿಗೋ ಹೊರಟುಹೋಗುತ್ತದೆ. ಹೀಗಿರುವ ನನ್ನ ಸುಪರ್ದಿಗೆ ಶಾಲೆಯ ಹೊಸ ಇಂಗ್ಲಿಷ್ ಕೋಣೆ ಬಂತು. ಮೊದಲು ಅದರಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳೂ ಕಾಲು ಮುರಿದ ಬೆಂಚುಗಳೂ ಇದ್ದವು. ಅವನ್ನು ಹೊರಗೆ ಹಾಕಿ, ಗೋಡೆಗೆ ಹಳದಿ ಬಣ್ಣ ಬಳಿದು, ಒಂದು ಮೂಲೆಯಲ್ಲಿ ಬಸ್ಸು, ಒಂದು ಮೂಲೆಯಲ್ಲಿ ಅಂಗಡಿ, ಒಂದು ಮೂಲೆಯಲ್ಲಿ ಡಾಕ್ಟರ ಶಾಪು, ಇನ್ನೊಂದು ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಟೀಪಾಯಿ, ಆಟದ ಟೀ ಕಪ್ಪುಗಳನ್ನಿಟ್ಟು ಮನೆ ಮಾಡಿದೆವು. ಪಾಠ ಇಲ್ಲ, ಪುಸ್ತಕ ಇಲ್ಲ. ಮಕ್ಕಳು ಅಲ್ಲಿ ಬದುಕಬೇಕು, ಬದುಕುತ್ತ ಇಂಗ್ಲಿಷ್ ಕಲಿಯಬೇಕು. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ ಮೇಲೆ ಕನ್ನಡ ಮಾತಾಡಕೂಡದು ಎಂದು ಕಾನೂನು ಮಾಡಿದವಳು ನಾನೇ. ಹೊರಗೆ ಹಾಕಿದ ಅಕ್ಕಿ ಮೂಟೆಗಳು ಬೇರೆ ಜಾಗವಿಲ್ಲದೆ ನಮ್ಮ ಹೆಡ್‌ಮಾಸ್ಟರ್ ಶಿವಣ್ಣನವರ ರೂಮು ಸೇರಿದವು, ಮೂಟೆಗಳ ಹಿಂದೆಯೇ ಇಲಿಗಳೂ ಸೇರಿದವು. ಶಿವಣ್ಣನವರು ಅಂದಿನಿಂದ ನನ್ನನ್ನು ನೋಡುವ ನೋಟವೇ ಬದಲಾಯಿತು.

ಬಸ್ಸಿನ ಮೂಲೆ ಮೊದಲ ವಾರವೇ ಭರ್ತಿ. ಕಂಡಕ್ಟರ್ ಆದವನು "ಗೋ ಫ್ರಂಟ್, ಗೋ ಫ್ರಂಟ್" ಎಂದು ಎಲ್ಲರನ್ನೂ ನೂಕುತ್ತಿದ್ದ. ಬಾಗಿಲಲ್ಲಿ ನಿಂತವನಿಗೆ "ವಾಟ್, ದಿಸ್ ಈಸ್ ಯುವರ್ ಫಾದರ್ಸ್ ಬಸ್?" ಎಂದು ಗದರುತ್ತಿದ್ದ. ತುಮಕೂರು ಬಸ್ಸಿನ ಕಂಡಕ್ಟರೇ ಇಂಗ್ಲಿಷಿನಲ್ಲಿ ಅವತಾರ ಎತ್ತಿದ ಹಾಗಿತ್ತು. ನಾನು ತಿದ್ದಲಿಲ್ಲ. ತಿದ್ದುವುದಕ್ಕೆ ಅದರಲ್ಲಿ ತಪ್ಪೇನಿತ್ತು? ಆದರೆ ನನ್ನ ಜೀವ ಇದ್ದದ್ದು ಮನೆಯ ಮೂಲೆಯಲ್ಲಿ, ಮುಬೀನಾಳಿಂದಾಗಿ.

ಮುಬೀನಾ ಒಂಬತ್ತನೇ ಕ್ಲಾಸಿನ ಹುಡುಗಿ. ಅವಳ ಅಪ್ಪ ಪೇಟೆಯಲ್ಲಿ ಹಾಸಿಗೆ ದಿಂಬಿನ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಮೌನ. ಒಂದು ವರ್ಷ ಪಾಠ ಹೇಳಿದರೂ ಹಾಜರಿ ಕರೆದಾಗಿನ "ಯೆಸ್ ಮಿಸ್" ಬಿಟ್ಟರೆ ಅವಳ ದನಿ ನಾನು ಕೇಳಿರಲಿಲ್ಲ. ಆ ಹುಡುಗಿ ಒಂದು ದಿನ ಮನೆಯ ಮೂಲೆಗೆ ನೆಂಟಳಾಗಿ ಬಂದಳು. ಮನೆಯೊಡತಿ ಅವಳ ಗೆಳತಿ ಕಾವ್ಯ. ಈ ಕೋಣೆಗೆಂದು ಇಲಾಖೆಯವರು ನಮಗೆ ಕೊಟ್ಟಿದ್ದ ಕೈಪಿಡಿಯ ಪ್ರಕಾರ ಒಡತಿ "ಟೀ ಕುಡಿಯುತ್ತೀರಾ?" ಎನ್ನಬೇಕು, ನೆಂಟಳು "ಯೆಸ್, ಪ್ಲೀಸ್" ಎನ್ನಬೇಕು, ಕುಡಿದು ಥ್ಯಾಂಕ್ಯೂ ಹೇಳಿ ಎದ್ದು ಹೋಗಬೇಕು. ಹೀಗೆ ಎದ್ದು ಹೋದರೆ ಅದು ನೆಂಟಸ್ತನವೋ ಹೋಟೆಲೋ ಎಂದು ನನಗೆ ಆಗಲೇ ಅನುಮಾನವಿತ್ತು. ಕಾವ್ಯ ಕೇಳಿದಳು. ಮುಬೀನಾ, "ನೋ, ನೋ, ಜಸ್ಟ್ ನೌ ಐ ಡ್ರಿಂಕ್" ಎಂದಳು. "ಲಿಟಲ್ ಓನ್ಲಿ" ಎಂದಳು ಕಾವ್ಯ. "ನೋ, ವೈ ಟ್ರಬಲ್?" "ನೋ ಟ್ರಬಲ್! ಮಿಲ್ಕ್ ಈಸ್ ದೇರ್, ಶುಗರ್ ಈಸ್ ದೇರ್." "ಯುವರ್ ಮದರ್ ವಿಲ್ ಬಿ ಟಯರ್ಡ್." "ಮೈ ಮದರ್ ವಿಲ್ ಬಿ ಆಂಗ್ರಿ, ಇಫ್ ಯು ಗೋ ಲೈಕ್ ದಿಸ್." "ಓಕೆ, ಹಾಫ್ ಕಪ್." ಕೈಪಿಡಿಯ ಎರಡು ಸಾಲು ಮುಗಿಯುವ ಜಾಗದಲ್ಲಿ ಇವರಿಬ್ಬರೂ ಪೀರಿಯಡ್ಡಿನ ಅರ್ಧ ನುಂಗಿಹಾಕಿದರು. ಮಾತು ಬಾರದ ಮುಬೀನಾ ಬೇಡ ಎನ್ನುವುದಕ್ಕೆ ಇಷ್ಟೊಂದು ಇಂಗ್ಲಿಷ್ ಎಲ್ಲಿಂದ ತಂದಳೋ ಕಾಣೆ. ನನಗೆ ಕಣ್ಣು ತುಂಬಿ ಬಂತು. ಕೈಪಿಡಿಯನ್ನು ಅಂದೇ ಮಡಚಿ ಕಿಟಕಿಯ ಬಾಗಿಲು ಹೊಡೆದುಕೊಳ್ಳದಂತೆ ಒತ್ತಿಟ್ಟೆ.

ಹೀಗಿರುವಾಗ ತುಮಕೂರಿನಿಂದ ಇಲಾಖೆಯ ಅಧಿಕಾರಿಯೊಬ್ಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಕೋಣೆ ಸರಿಯಾಗಿ ಉಪಯೋಗವಾಗುತ್ತಿದ್ದರೆ ಇರುತ್ತದೆ, ಇಲ್ಲದಿದ್ದರೆ ಮುಚ್ಚುತ್ತಾರೆ. ಶಿವಣ್ಣನವರು ಮೂಟೆಗಳ ಕಡೆ ನೋಡುತ್ತ, "ಮುಚ್ಚಿದ್ರೂ ಒಳ್ಳೇದೇ ಬಿಡಿ ಮೇಡಂ, ನನ್ ಟೇಬಲ್ ಮೇಲೆ ಇಲಿ ಓಡಾಡೋದಾದ್ರೂ ತಪ್ಪುತ್ತೆ" ಎಂದರು. ಮುಬೀನಾ ಮತ್ತೆ ಹಿಂದಿನ ಬೆಂಚಿಗೆ ಹೋಗಿ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ನೆನೆಸಿಕೊಂಡು ನನಗೆ ಊಟ ಸೇರಲಿಲ್ಲ. ಶಿವಣ್ಣನವರ ಇಲಿಗಳಿಗೆ ಸೇರುತ್ತಿತ್ತು.

ಅಧಿಕಾರಿಗಳು ಬಂದರು. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅದೇ ಕೈಪಿಡಿ. ಬಸ್ಸು ನೋಡಿದರು, ಅಂಗಡಿ ನೋಡಿದರು, ಮನೆಯ ಮುಂದೆ ಬಂದು ನಿಂತರು. ಕಾವ್ಯ ಟೀ ಬೇಕೇ ಎಂದು ಕೇಳಿದಳು. ಮುಬೀನಾ ತಲೆಯ ದುಪಟ್ಟಾ ಸರಿ ಮಾಡಿಕೊಂಡು, "ನೋ, ನೋ" ಎಂದಳು. ಅಧಿಕಾರಿಗಳು ಕೈ ಅಡ್ಡ ತಂದು ಆಟ ನಿಲ್ಲಿಸಿದರು. ಮಗುವಿಗೆ ಪ್ರಶ್ನೆಯೇ ಅರ್ಥವಾಗಿಲ್ಲ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿ, ಅವಳ ಕಡೆ ತಿರುಗಿ, "ಸೇ ಯೆಸ್, ಪ್ಲೀಸ್" ಎಂದರು. ಮುಬೀನಾ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಿವಿಯವರೆಗೂ ಕೆಂಪಾದಳು. ಆಮೇಲೆ ನಿಧಾನವಾಗಿ ಕೇಳಿದಳು: "ಸರ್, ಫಸ್ಟ್ ಟೈಮೇ ಯೆಸ್, ಹೌ ಸರ್?"

ಬಸ್ಸಿನ ಮೂಲೆಯಲ್ಲಿ ಕಂಡಕ್ಟರ್ ಕಿಸಕ್ಕೆಂದ. ಅಧಿಕಾರಿಗಳಿಗೆ ನಗು ಬರಲಿಲ್ಲ. ಮಕ್ಕಳು ತಕ್ಕ ಉತ್ತರ ಕೊಡುತ್ತಿಲ್ಲ, ಇಷ್ಟು ದಿನ ಈ ಕೋಣೆಯಿಂದ ಆದ ಪ್ರಯೋಜನವೇನು ಎಂದು ಕೇಳಿದರು. ಪಕ್ಕದಲ್ಲಿ ಶಿವಣ್ಣನವರು ಮೂಟೆ ಸಾಗಿಸಲು ಆಗಲೇ ಮನಸ್ಸಿನಲ್ಲಿ ಜಾಗ ಅಳೆಯುತ್ತಿದ್ದರು. ನನಗೆ ಕೋಪ ನೆತ್ತಿಗೇರಿತು, ಇಂಗ್ಲಿಷ್ ವಾಡಿಕೆಯಂತೆ ಕೈಕೊಟ್ಟಿತು, ನಾನೇ ಮಾಡಿದ ಕಾನೂನನ್ನು ನಾನೇ ಮುರಿದು ಆ ಕೋಣೆಯ ನಡುವೆ ನಿಂತು ಕನ್ನಡದಲ್ಲಿ ಶುರು ಮಾಡಿದೆ.

"ಸಾರ್, ಅವ್ಳಿಗೆ ಪ್ರಶ್ನೆ ಅರ್ಥ ಆಗಿದೆ. ನಿಮಗೆ ಉತ್ತರ ಅರ್ಥ ಆಗಿಲ್ಲ ಅಷ್ಟೆ. ತಾವು ಎಲ್ಲಿಯವ್ರು?"

"ಅದ್ಯಾಕ್ರೀ ಈಗ? ಕುಣಿಗಲ್."

"ನಾನೂ ಕುಣಿಗಲ್ಲೇ. ನಿಮ್ ತಾಯಿ ನಿಮ್ಮನ್ನ ಕರ್ಕೊಂಡು ಯಾರ ಮನೆಗಾದ್ರೂ ಹೋದಾಗ, ಕೊಟ್ಟ ತಕ್ಷಣ ಈಸ್ಕೊಂಡು ತಿಂದಿದ್ರಾ? ತಿಂದಿದ್ರೆ ಮನೆಗೆ ಬಂದ್ಮೇಲೆ ಏನಾಗಿತ್ತು ಅಂತ ಮಕ್ಕಳ ಮುಂದೆ ಹೇಳಿ."

ಅವರು ಕೈಪಿಡಿ ಎತ್ತಿ ತೋರಿಸಿದರು. "ಮೇಡಂ, ಅದು ಸಂಸ್ಕಾರ. ಇದು ಭಾಷೆ. ಇಂಗ್ಲಿಷ್‌ನಲ್ಲಿ ಹಾಗೆಲ್ಲ ಅನ್ನಲ್ಲ."

"ಇವ್ರು ಇಂಗ್ಲಿಷ್ ಕಲಿಯೋಕೆ ಬಂದವ್ರೆ ಸಾರ್, ಇಂಗ್ಲಿಷ್‌ನೋರಾಗೋಕಲ್ಲ. ನೀವು ಕೈ ಅಡ್ಡ ತಂದ್ರಲ್ಲ, ತೆಗೀರಿ. ಪೂರ್ತಿ ಕೇಳಿ. ಆಮೇಲೆ ಬೇಕಾದ್ರೆ ರೂಮಿಗೆ ಬೀಗ ಹಾಕ್ಕೊಂಡು ಹೋಗಿ."

ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಧೈರ್ಯಕ್ಕೆ ಮಕ್ಕಳು ದಂಗಾಗಿದ್ದಾರೆಂದು ಎದೆ ಉಬ್ಬಿಸಿದೆ. ಅವರು ದಂಗಾದದ್ದು ಮಿಸ್ಸೇ ಒಳಗೆ ಕನ್ನಡ ಮಾತಾಡಿದರಲ್ಲ ಎಂದು. ಅಧಿಕಾರಿಗಳು ಮಾತ್ರ ಆಟವನ್ನು ಪೂರ್ತಿ ನೋಡದೆ ಹೊರಗೆ ನಡೆದರು.

ಹೆಡ್‌ಮಾಸ್ಟರ್ ರೂಮಿನಲ್ಲಿ ಮೂಟೆಗಳ ನಡುವೆ ಕುರ್ಚಿ ಹಾಕಿ ಅವರನ್ನು ಕೂರಿಸಿದರು. ಅಡುಗೆಯ ಜಯಮ್ಮ ತಟ್ಟೆಯಲ್ಲಿ ಬಿಸಿಬಿಸಿ ಟೀ, ನಿಪ್ಪಟ್ಟು ತಂದಳು. ಶಿವಣ್ಣನವರು ಎದ್ದು ನಿಂತು, "ತಗೋಳಿ ಸಾರ್" ಎಂದರು. ಅಧಿಕಾರಿಗಳು ನಿಪ್ಪಟ್ಟಿನ ಕಡೆ ಒಮ್ಮೆ ನೋಡಿ, "ಬೇಡ ಬೇಡ, ಈಗ್ತಾನೆ ಆಯ್ತು" ಎಂದರು.

ಇಂಥ ಅವಕಾಶ ಮನುಷ್ಯನಿಗೆ ಪದೇ ಪದೇ ಬರುವುದಿಲ್ಲ. "ಜಯಮ್ಮ, ಒಳಗೆ ತಗೊಂಡೋಗು. ಸಾರ್ ಬೇಡ ಅಂದ್ರಲ್ಲ" ಎಂದೆ. ಜಯಮ್ಮ ನನ್ನನ್ನು ನೋಡಿದಳು. ನಾನು ಕಣ್ಣಲ್ಲೇ ಗದರಿದೆ. ತಟ್ಟೆ ಹಿಂದಕ್ಕೆ ತಿರುಗಿತು. ಶಿವಣ್ಣನವರು ಒಂದು ಮೂಟೆಯನ್ನು ಆಧಾರಕ್ಕೆ ಹಿಡಿದುಕೊಂಡರು. ಅಧಿಕಾರಿಗಳ ಕಣ್ಣು ಆ ತಟ್ಟೆಯ ಹಿಂದೆಯೇ ಬಾಗಿಲವರೆಗೂ ಹೋಯಿತು. ಅದು ಹೊಸ್ತಿಲು ದಾಟುವುದರಲ್ಲಿತ್ತು, ಅವರಿಗೆ ತಡೆಯಲಾಗಲಿಲ್ಲ.

"ಅಲ್ರೀ, ಇನ್ನೊಂದ್ಸಲ ಕೇಳಲ್ವಾ?"

ತಟ್ಟೆ ವಾಪಸ್ ತರಲು ನಾನು ಜಯಮ್ಮನಿಗೆ ಸನ್ನೆ ಮಾಡಿದೆ. ಬಾಯಿಂದ ಬಂದದ್ದು ಏನೆಂದು ಅಧಿಕಾರಿಗಳಿಗೇ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಪ್ಪಟ್ಟು ತಿಂದರು, ಟೀ ಕುಡಿದರು, ತಾವೇ ಎದ್ದು ಮತ್ತೆ ಇಂಗ್ಲಿಷ್ ಕೋಣೆಗೆ ಬಂದು ನೆಂಟರ ಕುರ್ಚಿಯಲ್ಲಿ ಕೂತರು. ಈಗ ಮುಬೀನಾ ಮನೆಯೊಡತಿ. ಅವರು ನೋ ಎಂದಷ್ಟೂ ಅವಳು ಬಿಡಲಿಲ್ಲ. ಮಳೆ ಬರುತ್ತೆ ಎಂದಳು, ದಾರಿ ದೂರ ಎಂದಳು, ನೀವು ಕುಡಿಯದಿದ್ದರೆ ನಮ್ಮ ಅಜ್ಜಿ ನನ್ನನ್ನು ಬೈಯುತ್ತಾರೆ ಎಂದಳು, ಎಲ್ಲ ಇಂಗ್ಲಿಷಿನಲ್ಲೇ. ಖಾಲಿ ಆಟದ ಕಪ್ಪು ಎತ್ತಿ ಕುಡಿದು ಅಧಿಕಾರಿಗಳು, "ರೂಮ್ ಇರ್ಲಿ ಶಿವಣ್ಣೋರೆ, ಮೂಟೆಗೆ ಬೇರೆ ಏನಾದ್ರೂ ವ್ಯವಸ್ಥೆ ಮಾಡೋಣ" ಎಂದರು. ಬಸ್ಸಿನ ಮೂಲೆಯಲ್ಲಿ ಚಪ್ಪಾಳೆ ಬಿತ್ತು. ಮುಬೀನಾ ಮುಖ ಮುಚ್ಚಿಕೊಂಡು ನಕ್ಕಳು. ಅವತ್ತು ನಾನು ಗೆದ್ದೆ ಎಂದು ಇಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಗೇಟಿನ ಹತ್ತಿರ ಜೀಪು ಹತ್ತುವ ಮುಂಚೆ ಅವರು ಹೇಳಿದರು: "ಮೇಡಂ, ಬರೋ ತಿಂಗಳು ತುಮಕೂರಲ್ಲಿ ಜಿಲ್ಲೆಯ ಎಲ್ಲ ಇಂಗ್ಲಿಷ್ ಟೀಚರ್‌ಗಳಿಗೂ ಟ್ರೈನಿಂಗ್ ಇದೆ. ಈ ವಿಷ್ಯ ನೀವೇ ಬಂದು ಮಾತಾಡ್ಬೇಕು. ಮುಬೀನಾನೂ ಕರ್ಕೊಂಡು ಬನ್ನಿ. ಬರ್ತೀರಾ?" ಮೈಕಿನ ಮುಂದೆ ನಾನು, ಪಕ್ಕದಲ್ಲಿ ಮುಬೀನಾ, ಎದುರಿಗೆ ಇಡೀ ಜಿಲ್ಲೆ. ನನಗೆ ರೋಮಾಂಚನವಾಯಿತು. ಯಾವ ಸೀರೆ ಉಡುವುದೆಂದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಬಾಯಿ ಮಾತ್ರ ನನ್ನನ್ನು ಕೇಳದೆ ತೆರೆದುಕೊಂಡು, "ಅಯ್ಯೋ, ನಾನೆಲ್ಲಿ ಸಾರ್, ಬೇರೆ ಯಾರನ್ನಾದ್ರೂ ಕರೀರಿ" ಎಂದಿತು.

"ಹೌದಾ? ಸರಿ ಬಿಡಿ ಮೇಡಂ" ಎಂದರು ಅವರು. ಜೀಪು ಹೊರಟೇ ಹೋಯಿತು. ಬೇಕಂತಲೇ ಹಾಗೆ ಮಾಡಿದರೋ, ನಿಜವಾಗಿಯೂ ನಂಬಿದರೋ, ಇವತ್ತಿಗೂ ತಿಳಿಯದು.

ಶಿವಣ್ಣನವರು, "ನೀವೇ ಫೋನ್ ಮಾಡಿ ಬರ್ತೀನಿ ಅನ್ನಿ" ಎನ್ನುತ್ತಾರೆ. ಮುಬೀನಾ ದಿನಾ ಬೆಳಿಗ್ಗೆ ಬಂದು, "ಮಿಸ್, ವೆನ್ ವಿ ಗೋ ತುಮಕೂರು?" ಎಂದು ಕೇಳುತ್ತಾಳೆ. ಆದರೆ ನಾನಾಗಿ ಫೋನ್ ಮಾಡುವುದೇ? ಪ್ರಾಣ ಹೋದರೂ ಇಲ್ಲ. ನಮಗೂ ಒಂದು ಕ್ರಮ ಇದೆ. ಫೋನಿನ ರಿಂಗ್ ಜೋರು ಮಾಡಿಟ್ಟುಕೊಂಡಿದ್ದೇನೆ, ಬಚ್ಚಲಿಗೆ ಹೋದರೂ ಜೊತೆಗೆ ಒಯ್ಯುತ್ತೇನೆ. ಅವರು ಇನ್ನೊಂದು ಸಲ ಕೇಳಲಿ, ಬೇಡ ಎನ್ನುತ್ತೇನೆ; ಮತ್ತೂ ಒಂದು ಸಲ ಕೇಳಲಿ, ಆಮೇಲೆ ನೋಡೋಣ.