ಇಟ್ಟಿಗೆ ಬೀಳುವ ಆಟಕ್ಕೆ ನಾನು ಕೊಟ್ಟ ತೀರ್ಪು

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಹೋಳೂರಿನ ಹಾಲಿನ ಡೇರಿಯಲ್ಲಿ ಬೆಳಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವವನು ನಾನು. ಕ್ಯಾನು ಮುಂದೆ ಬಂತೆಂದರೆ ಮೊದಲು ಮೂಗು, ಆಮೇಲೆ ಲ್ಯಾಕ್ಟೋಮೀಟರು, ಆಮೇಲೆ ಯಂತ್ರ. ಇಷ್ಟು ವರ್ಷಗಳಲ್ಲಿ ಎಲ್ಲ ಬಗೆಯಿಂದಲೂ ಸರಿಯಾದ ಹಾಲು ಎಂಬುದನ್ನು ನಾನು ಕಂಡಿಲ್ಲ. ಜಿಡ್ಡು ಚೆನ್ನಾಗಿದ್ದರೆ ಮಿಕ್ಕ ಸತ್ವ ಕಡಿಮೆ, ಎರಡೂ ಚೆನ್ನಾಗಿದ್ದರೆ ಹಾಲೇ ಕಡಿಮೆ, ಮೂರೂ ಚೆನ್ನಾಗಿದ್ದರೆ ತಂದವನ ಬಾಯಿ ಚೆನ್ನಾಗಿರುವುದಿಲ್ಲ. ಈ ಅಭ್ಯಾಸ ನನ್ನ ಹಿಂದೆಯೇ ಮನೆಗೂ ಬಂದುಬಿಟ್ಟಿದೆ. ಕಾಫಿ ಲೋಟ ಕೈಗೆ ಬಂದ ಕೂಡಲೇ ನಾನು ಅದನ್ನು ಮೂಸುತ್ತೇನೆ. ನನ್ನ ಹೆಂಡತಿ ಸರೋಜ ನನ್ನ ಮುಖ ನೋಡುತ್ತಾಳೆ. "ಏನೂ ಹೇಳ್ಬೇಡಿ, ಸುಮ್ನೆ ಕುಡೀರಿ" ಎಂಬ ಮಾತಿನಿಂದಲೇ ನಮ್ಮ ಮನೆಯಲ್ಲಿ ಬೆಳಗಾಗುವುದು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ವಿಡಿಯೋ ಗೇಮ್ ಎಂದರೆ ಏನೆಂದು ತಿಳಿಯದ ನನ್ನ ಬಳಿಗೆ, ಒಂದು ತಪ್ಪೂ ಇಲ್ಲದ ವಿಡಿಯೋ ಗೇಮ್ ಈ ಲೋಕದಲ್ಲಿ ಇರಬಹುದೇ ಇಲ್ಲವೇ ಎಂಬ ಪ್ರಶ್ನೆ ತೀರ್ಮಾನಕ್ಕೆ ಯಾಕೆ ಬಂತೆಂದು ನಿಮಗೆ ಆಶ್ಚರ್ಯವಾಗಬಾರದು. ಅದರ ಮೇಲೆ ಒಂದು ಮದುವೆ ನಿಂತಿತ್ತು.

ಮದುವೆ ನನ್ನ ಅಕ್ಕನ ಮಗ ನಾಗೇಶನದು. ಅಕ್ಕ ರತ್ನಮ್ಮನನ್ನು ಮಾಲೂರಿಗೆ ಕೊಟ್ಟಿರುವುದು. ಭಾವನದು ಇಟ್ಟಿಗೆ ಫ್ಯಾಕ್ಟರಿ. ನಾಗೇಶ ಡಿಪ್ಲೊಮಾ ಮಾಡಿ ಅಪ್ಪನ ಜೊತೆಗೇ ನಿಂತ. ಮಣ್ಣು, ಸೌದೆ, ಲಾರಿ, ಕೂಲಿಯವರು, ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಬೀಡಿ ಇಲ್ಲ, ಕುಡಿತ ಇಲ್ಲ. ಲಾರಿ ಲೋಡಾಗುವವರೆಗೆ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಆಟ ಆಡುತ್ತಾನೆ, ಅಷ್ಟೇ. ಇಂಥವನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಒಂದು ಕಡೆ ಇಟ್ಟಿಗೆ ಧೂಳು ಆಗುವುದಿಲ್ಲ ಎಂದರು, ಇನ್ನೊಂದು ಕಡೆ ಜಾತಕ ಆಗುವುದಿಲ್ಲ ಎಂದರು, ಮುಳಬಾಗಿಲಿನವರು ಏನೂ ಹೇಳದೆ ಫೋನ್ ಎತ್ತುವುದನ್ನೇ ಬಿಟ್ಟರು. ಸೋದರಮಾವನಾದ್ದರಿಂದ ನಾನು ಎಲ್ಲ ಕಡೆಗೂ ಹೋಗಿದ್ದೇನೆ. ಈ ಭಾಗದ ಮೂರು ತಾಲ್ಲೂಕುಗಳ ಕೇಸರಿಬಾತಿನ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲೆ. ಬೈರಕೂರಿನ ಒಂದು ಮನೆಯಲ್ಲಿ ಕೇಸರಿಬಾತಿಗೆ ತುಪ್ಪದ ಬದಲು ಡಾಲ್ಡಾ ಹಾಕಿದ್ದರು, ನಾನು ಅದನ್ನು ಅಲ್ಲೇ ಹೇಳಿದೆ, ಆ ಸಂಬಂಧ ಯಾಕೆ ತಪ್ಪಿತೆಂದರೆ ಅಕ್ಕ ಇವತ್ತಿಗೂ ನನ್ನ ಕಡೆ ಬೆರಳು ತೋರಿಸುತ್ತಾಳೆ. ಇರಲಿ. ಅಕ್ಕ ಬೇರೆಯವರ ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಹೋದರೆ "ನಿಮ್ಮ ನಾಗೇಶಂದು ಯಾವಾಗ?" ಎನ್ನುತ್ತಾರೆ, ಊಟ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದಳು. ಕೇಳಿ ನನಗೂ ಬೇಜಾರಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಗೌನಿಪಲ್ಲಿಯ ಸಂಬಂಧ ಬಂತು. ಹುಡುಗಿಯ ತಂದೆ ಚಲಪತಿ ಮಾವಿನ ತೋಟದವರು, ಜೊತೆಗೆ ಟೊಮೆಟೊ ಬೆಳೆಯುವವರು. ಹುಡುಗಿ ಶಿರೀಷ ಶ್ರೀನಿವಾಸಪುರದಲ್ಲಿ ಮಾವಿನ ತಿರುಳು ತೆಗೆಯುವ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. ತಾಯಿಯಿಲ್ಲ, ಸಾಕಿದ್ದು ಅಜ್ಜಿ. ಅಜ್ಜಿಗೆ ತೆಲುಗೂ ಕನ್ನಡವೂ ಒಂದೇ ಬಾಯಲ್ಲಿ ಬರುತ್ತವೆ, ಯಾವುದು ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ. ಹುಡುಗಿಯನ್ನು ನೋಡಿದ್ದಾಯಿತು, ಕೇಸರಿಬಾತು ತಿಂದದ್ದಾಯಿತು. ಸಕ್ಕರೆ ಒಂದು ಚೂರು ಮುಂದಾಗಿತ್ತು, ಅಕ್ಕ ಮೊಣಕೈಯಿಂದ ತಿವಿದದ್ದರಿಂದ ಸುಮ್ಮನಿದ್ದೆ. "ಹುಡ್ಗ ಹುಡ್ಗಿ ಒಂದೈದು ನಿಮಿಷ ಮಾತಾಡ್ಕೊಂಡ್ ಬರ್ಲಿ" ಎಂದು ಚಲಪತಿ ಇಬ್ಬರನ್ನೂ ಮನೆಯ ಹಿಂದಿನ ತೋಟಕ್ಕೆ ಕಳಿಸಿದರು.

ಐದು ನಿಮಿಷ ಹೋಗಿ ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಎರಡನೇ ಸಲ ಕಾಫಿ ಬಂತು. ಅಕ್ಕನ ಮುಖ ಅರಳುತ್ತಾ ಹೋಯಿತು. "ನಮ್ಮೋನು ಮಾತೇ ಆಡಲ್ಲ ಅಂತಿದ್ಯಲ್ಲೋ, ನೋಡು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಷ್ಟರಲ್ಲಿ ತೋಟದ ಕಡೆಯಿಂದ ಗಟ್ಟಿ ದನಿ ಕೇಳಿಸಿತು. ಮೊದಲು ನಾಗೇಶನದು, ಅದರ ಮೇಲೆ ಹುಡುಗಿಯದು. "ಕಾನೀ, ಕಾನೀ, ಆಗ್ಲಿ, ಮಾತಾಡ್ಕೊಳ್ಳಿ" ಎಂದು ಅಜ್ಜಿ ತಲೆದೂಗಿದರು. ಇಬ್ಬರೂ ಒಳಗೆ ಬಂದಾಗ ನೋಡಿದರೆ ಮುಖ ಕೆಂಪಗಾಗಿವೆ, ನಾಚಿಕೆಯಿಂದ ಅಲ್ಲ. ಚಲಪತಿ ಮೆಲ್ಲಗೆ "ಏನಮ್ಮಾ?" ಎಂದು ಕೇಳಿದರು. ಶಿರೀಷ ತಲೆ ಎತ್ತಿಯೇ ಹೇಳಿದಳು. "ಇವ್ರು ಒಳ್ಳೇವ್ರೇ ಅಪ್ಪ. ಆದ್ರೆ ಒಂದ್ ವಿಷ್ಯ ತೀರ್ಮಾನ ಆಗ್ದೆ ನಾನು ಹ್ಞೂಂ ಅನ್ನಲ್ಲ." ನಾಗೇಶನೂ ತಲೆ ಆಡಿಸಿದ. "ನಾನೂ ಅನ್ನಲ್ಲ ಮಾವ" ಎಂದ. ಭಾವನಿಗೆ ವರದಕ್ಷಿಣೆಯ ಮಾತೇನಾದರೂ ಬಂತೋ ಎಂಬ ಭಯ, ಅಕ್ಕನಿಗೆ ಬೇರೆ ಮನೆ ಕೇಳಿದಳೋ ಎಂಬ ಭಯ. ವಿಷಯ ಹೊರಗೆ ಬಂದಾಗ ಯಾರಿಗೂ ಏನೂ ತಿಳಿಯಲಿಲ್ಲ. ಮಾತಿಗೆ ಮಾತು ಬಂದು, ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಅವಳು ಕೇಳಿದ್ದಾಳೆ. ಮೇಲಿನಿಂದ ಇಟ್ಟಿಗೆ ಬೀಳುವ ಆಟ ಆಡುತ್ತೇನೆ, ಪ್ರಪಂಚದಲ್ಲಿ ಅದೊಂದೇ ಪರ್ಫೆಕ್ಟ್ ಆಟ, ಅದರಲ್ಲಿ ಒಂದು ತಪ್ಪೂ ಇಲ್ಲ ಎಂದು ಇವನು ಹೇಳಿದ್ದಾನೆ. ಯಾವ ಆಟವೂ ಪರ್ಫೆಕ್ಟ್ ಆಗಿರಲು ಸಾಧ್ಯವಿಲ್ಲ ಎಂದು ಅವಳು ಅಂದಿದ್ದಾಳೆ. ಮುಕ್ಕಾಲು ಗಂಟೆಯೂ ಇದೇ ಮಾತು.

"ಇದಕ್ಯಾಕಮ್ಮ ಇಷ್ಟು? ಆಟ ತಾನೇ" ಎಂದೆ ನಾನು. "ಆಟದ್ದಲ್ಲ ಸಾರ್" ಎಂದಳು. "ಇವತ್ತು ಒಂದು ಆಟದಲ್ಲಿ ತಪ್ಪೇ ಇಲ್ಲ ಅನ್ನೋರು, ನಾಳೆ ಹೆಂಡ್ತೀಲೂ ತಪ್ಪೇ ಇರ್ಬಾರ್ದು ಅಂತಾರೆ. ನನ್ನ ಕೈಲಿ ಆಗಲ್ಲ." ನಾಗೇಶ ನನ್ನ ಕಡೆ ತಿರುಗಿದ. "ನೀವೇ ಹೇಳಿ ಮಾವ. ಎಷ್ಟು ಚೆನ್ನಾಗಿರೋದು ತೋರ್ಸಿದ್ರೂ, ಇಲ್ಲ, ಇದ್ರಲ್ಲೂ ಏನೋ ಒಂದು ಇದ್ದೇ ಇರುತ್ತೆ ಅನ್ನೋರ ಜೊತೆ ದಿನಾ ಕೂತು ಊಟ ಮಾಡೋಕಾಗುತ್ತಾ?" ನನ್ನ ಹೆಂಡತಿ ಸರೋಜ ಮೂಲೆಯಿಂದ "ಆಗುತ್ತೆ, ಕಷ್ಟ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲವೆಂದುಕೊಂಡಿದ್ದೇನೆ.

ನಾಗೇಶ ಫೋನ್ ತೆಗೆದು ಆಟ ತೋರಿಸಿದ. ಹಿರಿಯರೆಲ್ಲ ಚಾಪೆಯ ಮೇಲೆ ಅದರ ಸುತ್ತ ಕೂತೆವು. ಮೇಲಿನಿಂದ ಬಣ್ಣಬಣ್ಣದ ಇಟ್ಟಿಗೆ ತುಂಡುಗಳು ಇಳಿಯುತ್ತವೆ. ಅವನ್ನು ತಿರುಗಿಸಿ ಸಂದಿಯಿಲ್ಲದಂತೆ ಕೂರಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಆ ಸಾಲು ಮಾಯ. ಭಾವ ಕನ್ನಡಕ ಹಾಕಿಕೊಂಡು ನೋಡಿ ಮಗನನ್ನು ಬೈದರು. "ಲೇ, ಸಾಲು ಮುಗೀತಿದ್ದಂಗೆ ಕಾಣೆ ಆಗುತ್ತಲ್ಲೋ, ಇದ್ಯಾವ ಗೋಡೆ? ಇಂಥ ಇಟ್ಟಿಗೆ ಮಾರಿದ್ರೆ ಲಾರಿ ವಾಪಸ್ ಬರುತ್ತೆ." ಚಲಪತಿಯವರ ಸಂದೇಹ ಬೇರೆ. "ಅದಿರ್ಲಿ, ಇದ್ರಲ್ಲಿ ಗೆಲ್ಲೋದ್ ಯಾವಾಗ?" ಎಂದರು. ಗೆಲ್ಲುವುದೆಂಬುದೇ ಇಲ್ಲ, ಸೋಲುವ ತನಕ ಇಟ್ಟಿಗೆ ಬೀಳುತ್ತಲೇ ಇರುತ್ತವೆ ಎಂದು ನಾಗೇಶ ಹೇಳಿದ. "ನಮ್ ಟೊಮೆಟೊ ಬೆಳೆ ಇದ್ದಂಗೈತೆ" ಎಂದರು ಚಲಪತಿ. ಅಜ್ಜಿ ಮಾತ್ರ ಚೌಕಾಬಾರದಷ್ಟು ಒಳ್ಳೆಯ ಆಟ ಇನ್ನೊಂದಿಲ್ಲ, ಅದರಲ್ಲಿ ಎದುರಿನವರ ಕಾಯಿ ಹೊಡೆದರೆ ಬರುವ ಸುಖ ಇದರಲ್ಲಿ ಎಲ್ಲಿದೆ ಎಂದು ಅರ್ಧ ತೆಲುಗಿನಲ್ಲಿ ಕೇಳಿದರು. ಚರ್ಚೆ ಹೀಗೆ ಊರೆಲ್ಲ ಸುತ್ತಿ ಬಂದು ಕೊನೆಗೆ ನನ್ನ ಮುಂದೆ ನಿಂತಿತು. "ನೀವು ಹಾಲು ಟೆಸ್ಟ್ ಮಾಡೋರು, ಶುದ್ಧ ಯಾವ್ದು ಅಶುದ್ಧ ಯಾವ್ದು ನಿಮಗೇ ಗೊತ್ತಾಗೋದು, ನೀವು ಹೇಳಿದಂಗಾಗ್ಲಿ" ಎಂದರು ಚಲಪತಿ. ಶಿರೀಷಳೂ ನಾಗೇಶನೂ ಒಪ್ಪಿದರು. ನಾನು ಒಂದು ವಾರ ಸಮಯ ಕೇಳಿದೆ. ಮುಂದಿನ ಭಾನುವಾರ ಎರಡೂ ಕಡೆಯವರು ಹೋಳೂರಿನ ನಮ್ಮ ಮನೆಗೆ ಬರುವುದೆಂದಾಯಿತು.

ನನ್ನ ಸಂಕಟ ಶುರುವಾದದ್ದು ಆಮೇಲೆ. ಮನಸ್ಸಿನಲ್ಲಿ ನಾನು ಪೂರ್ತಿ ಹುಡುಗಿಯ ಪಕ್ಷ. ತಪ್ಪಿಲ್ಲದ ವಸ್ತು ಇದ್ದಿದ್ದರೆ ಡೇರಿಯವರು ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಿದ್ದರು? ಆದರೆ ನಾನು ಹುಡುಗನ ಸೋದರಮಾವ. ಹುಡುಗಿ ಸರಿ ಎಂದರೆ ನಾಗೇಶ ಬೇಡ ಎನ್ನುತ್ತಾನೆ, ನಾಗೇಶ ಸರಿ ಎಂದರೆ ಅವಳು ಬೇಡ ಎನ್ನುತ್ತಾಳೆ. ಎರಡರಲ್ಲಿ ಯಾವುದನ್ನು ಹೇಳಿದರೂ ಅಕ್ಕನ ಮನೆಗೆ ಸೊಸೆ ಬರುವುದಿಲ್ಲ. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. "ಏನಾದ್ರೂ ಹೇಳೋ, ಸುಳ್ಳಾದ್ರೂ ಪರ್ವಾಗಿಲ್ಲ, ಇಬ್ರಿಗೂ ಒಪ್ಪೋಹಂಗೆ ಹೇಳು. ಆ ಹುಡ್ಗಿ ನಂಗೆ ಇಷ್ಟ ಆಗ್ಬಿಟ್ಟವ್ಳೆ ಕಣೋ" ಎಂದು ಒಂದು ದಿನ ಅತ್ತೇಬಿಟ್ಟಳು. ಆ ದಿನ ಡೇರಿಯಲ್ಲಿ ಒಬ್ಬರ ಹಾಲನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಟ್ಟೆ.

ನೋಡದೆ ತೀರ್ಪು ಕೊಡಬಾರದೆಂದು ಆ ಆಟವನ್ನು ನನ್ನ ಫೋನಿಗೆ ಹಾಕಿಸಿಕೊಂಡಿದ್ದೆ. ಮೊದಲ ದಿನ ಇಟ್ಟಿಗೆಗಳು ನನ್ನ ಅಪ್ಪಣೆಗೆ ಕಾಯದೆ ಬಿದ್ದು ಮೇಲಿನವರೆಗೂ ತುಂಬಿಕೊಂಡವು. ಎರಡನೆಯ ದಿನ ಹೇಗೆ ತಿರುಗಿಸುವುದೆಂದು ತಿಳಿಯಿತು. ಆಮೇಲೆ ತಿಳಿದದ್ದು ಇದನ್ನು ಬಿಡುವುದು ಹೇಗೆಂಬುದು ಗೊತ್ತಿಲ್ಲವೆಂದು. ಕ್ಯಾನು ಹಿಡಿದ ಹೆಂಗಸರು ಸಾಲಿನಲ್ಲಿ ನಿಂತಿದ್ದಾರೆ, ನಾನು ಫೋನಿನಲ್ಲಿ ಕಡ್ಡಿಯಂಥ ಉದ್ದನೆಯ ಒಂದು ತುಂಡಿಗಾಗಿ ಕಾಯುತ್ತಿದ್ದೇನೆ. ಬೇಕಾದಾಗ ಆ ಕಡ್ಡಿ ಬರುವುದೇ ಇಲ್ಲ, ಬೇಡವಾದಾಗ ಒಂದರ ಹಿಂದೆ ಒಂದು ಬರುತ್ತವೆ. ಸಿಕ್ಕಿತು ತಪ್ಪು ಎಂದು ನಾಗೇಶನಿಗೆ ಫೋನ್ ಮಾಡಿದೆ. "ಮಾವ, ಕೇಳಿದಾಗೆಲ್ಲ ಕಡ್ಡಿ ಬಂದ್ರೆ ಆಡೋದೇನಿರುತ್ತೆ?" ಎಂದ. ಯೋಚಿಸಿದರೆ ಅದೂ ಹೌದು. ನಾನು ತಪ್ಪೆಂದು ಗುರುತಿಸಿದ್ದೆಲ್ಲ ಒಂದು ದಿನ ಆಡಿದ ಮೇಲೆ ತಪ್ಪಲ್ಲವೆನ್ನಿಸುತ್ತಿತ್ತು. ಮನೆಯ ಕಪಾಟಿನಲ್ಲಿ ಡಬ್ಬಗಳ ನಡುವೆ ಸಂದಿ ಕಂಡರೆ ಒಂದು ಡಬ್ಬವನ್ನು ತಿರುಗಿಸಿ ಅಲ್ಲಿಗೆ ತುರುಕುತ್ತಿದ್ದೆ. "ಮೆಂತ್ಯದ ಡಬ್ಬ ಎಲ್ರೀ?" ಎಂದು ಸರೋಜ ಹುಡುಕಿ ಹುಡುಕಿ ಸೋತಳು. ಆದರೂ ಆ ವಾರ ನಾನು ಕಾಫಿ ಮೂಸಲಿಲ್ಲವೆಂದು ಅವಳಿಗೆ ಒಳಗೊಳಗೇ ಸಂತೋಷವಿತ್ತಂತೆ.

ಶನಿವಾರ ಸಂಜೆ ಹಾಲು ಅಳೆಯುತ್ತಿದ್ದಾಗ ತೀರ್ಪು ಹೊಳೆಯಿತು. ಆಟದಲ್ಲಿ ತಪ್ಪಿಲ್ಲ, ಆದ್ದರಿಂದ ನಾಗೇಶ ಸರಿ. ಆದರೆ ಆಡುವವರೆಲ್ಲರಲ್ಲೂ ತಪ್ಪಿದೆ, ಯಾರೂ ಅದನ್ನು ತಪ್ಪಿಲ್ಲದೆ ಆಡಿ ಮುಗಿಸಲಾರರು, ಆದ್ದರಿಂದ ಶಿರೀಷಳೂ ಸರಿ. ಎಂಥ ತೀರ್ಪು ನೋಡಿ. ಜಿಲ್ಲಾ ನ್ಯಾಯಾಲಯಕ್ಕೆ ನನ್ನನ್ನು ಯಾಕೆ ಕರೆಯಲಿಲ್ಲವೋ ಎನ್ನಿಸಿತು. ಆ ಖುಷಿಯಲ್ಲಿ ಒಬ್ಬರ ನೀರು ಹಾಲಿಗೂ ಏನೂ ಅನ್ನಲಿಲ್ಲ.

ಭಾನುವಾರ ಎಲ್ಲರೂ ಬಂದರು. ಮದುವೆಗೆ ಮುಂಚೆ ಹುಡುಗಿ ಹೀಗೆ ಹೊರಡುವುದು ಅಜ್ಜಿಗೆ ಇಷ್ಟವಿರಲಿಲ್ಲ, ತೀರ್ಪು ತನ್ನ ಮುಂದೆಯೇ ಆಗಬೇಕೆಂದು ಶಿರೀಷ ಹಟ ಹಿಡಿದು ಬಂದಿದ್ದಳು. ನಾಗೇಶ ಅವಳ ಎದುರು ಗೋಡೆಗೆ ಒರಗಿ ಕೂತಿದ್ದ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಲು, ಜಿಡ್ಡು, ಮನುಷ್ಯ ಸ್ವಭಾವ ಎಲ್ಲದರ ಮೇಲೂ ನಾಲ್ಕು ಮಾತು ಹೇಳಿ, ಕೊನೆಗೆ ತೀರ್ಪು ಹೇಳಿದೆ. ಹೇಳಿ ಎಲ್ಲರ ಮುಖ ನೋಡಿದೆ.

ಶಿರೀಷ ಮೊದಲು ಬಾಯಿ ತೆಗೆದಳು. "ಇದೇನ್ ಸಾರ್ ಹೀಗಂತೀರಾ? ಸಾರಿಗೆ ಉಪ್ಪು ಜಾಸ್ತಿ ಆದ್ರೆ, ಸಾರು ಸರಿಯಾಗೇ ಇದೆ, ತಿನ್ನೋರ ನಾಲ್ಗೇನೇ ಸರಿ ಇಲ್ಲ ಅಂದಂಗಾಯ್ತಲ್ಲ." ನಾಗೇಶ ಥಟ್ಟನೆ ಎದ್ದು ಕೂತ. "ಹೌದ್ ಮಾವ. ನೀವು ಅದನ್ನ ಸರೋಜತ್ತೆ ಮುಂದೆ ಹೇಳಿ ನೋಡಿ." "ಅದೂ ಅಲ್ದೆ, ಆಡೋರಿಲ್ದೆ ಆಟ ಎಲ್ಲಿರುತ್ತೆ?" ಎಂದಳು ಅವಳು. "ಅದನ್ನೇ ನಾನೂ ಹೇಳ್ಬೇಕು ಅಂತಿದ್ದೆ" ಎಂದ ಇವನು. ನಾನು ಬಿಡುತ್ತೇನೆಯೇ? ಹಾಲು ಬೇರೆ, ಕುಡಿಯುವವರು ಬೇರೆ ಎಂದೆ. ಕುಡಿಯುವವರಿಲ್ಲದಿದ್ದರೆ ನೀವು ಪರೀಕ್ಷೆ ಮಾಡುವುದು ಯಾರಿಗೆ ಎಂದು ಅವಳು ಕೇಳಿದಳು. ಕರುವಿಗೆ ಎಂದೆ. ಕರು ಲ್ಯಾಕ್ಟೋಮೀಟರು ಕೇಳುತ್ತಾ ಎಂದ ನಾಗೇಶ. ಇಬ್ಬರೂ ಜೋರಾಗಿ ನಕ್ಕರು. ಒಬ್ಬರು ಶುರುಮಾಡಿದ್ದನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ವಾರವೆಲ್ಲ ನಿದ್ದೆಗೆಟ್ಟು ಕಂಡುಹಿಡಿದ ತೀರ್ಪನ್ನು ಈ ಮಕ್ಕಳು ಮೊಸರಿನಂತೆ ಕಡೆಯುತ್ತಿದ್ದಾರೆ. ನಾನು ಎದ್ದು ನಿಂತು, ಕೈ ಬೀಸಿ, ಉದ್ದ ಕಡ್ಡಿಯ ಉದಾಹರಣೆ ಕೊಟ್ಟು ವಾದ ಮುಂದುವರಿಸಿದೆ. ಅವರು ಅದಕ್ಕೂ ಉತ್ತರ ಕೊಟ್ಟರು. ಎಷ್ಟು ಹೊತ್ತು ನಡೆಯಿತೋ ನನಗೆ ತಿಳಿಯದು.

ತಿರುಗಿ ನೋಡಿದರೆ ಹಿರಿಯರ ಕಡೆ ಯಾರೂ ನನ್ನ ಮಾತು ಕೇಳುತ್ತಿಲ್ಲ. ಅಜ್ಜಿ ಆಗಲೇ ಹೇಳಿಬಿಟ್ಟಿದ್ದರಂತೆ. "ಇಬ್ರೂ ಒಂದೇ ಕಡೆ ನಿಂತವ್ರಲ್ಲಮ್ಮ, ಇನ್ನೇನು ಬೇಕು? ತಟ್ಟೆ ತಕ್ಕೊಂಬನ್ನಿ." ಸರೋಜ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ತಂದಿದ್ದಾಳೆ. ಚಲಪತಿಯೂ ಭಾವನೂ ಎದುರೆದುರು ನಿಂತು ತಾಂಬೂಲ ಬದಲಾಯಿಸಿ ಮುಗಿಸಿದ್ದಾರೆ. ಅಕ್ಕ ಶಿರೀಷಳ ಹಣೆಗೆ ಕುಂಕುಮವಿಟ್ಟು ಅಳುತ್ತಾ ನಗುತ್ತಾ ಇದ್ದಾಳೆ. ನಮ್ಮಲ್ಲಿ ಆ ತಟ್ಟೆಯನ್ನು ಹುಡುಗನ ಕಡೆಯಿಂದ ಸೋದರಮಾವನೇ ಹಿಡಿದು ಕೊಡಬೇಕು. ಇರುವುದು ಅದೊಂದೇ ಕೆಲಸ, ಅದಕ್ಕಾಗಿಯೇ ನಾನು ಇಷ್ಟು ವರ್ಷ ಅವನ ಜೊತೆ ಊರೂರು ತಿರುಗಿದ್ದು. ಅದನ್ನು ಪಕ್ಕದ ಮನೆಯಿಂದ ಸಕ್ಕರೆ ಕೊಡಲು ಬಂದವರೊಬ್ಬರ ಕೈಯಲ್ಲಿ ಹಿಡಿಸಿದರಂತೆ.

"ನನ್ನನ್ನ ಒಂದ್ ಮಾತು ಕರೀಬಾರ್ದಾಗಿತ್ತಾ?" ಎಂದು ಸರೋಜಳನ್ನು ಕೇಳಿದೆ. ದನಿ ಒಡೆದದ್ದು ನಿಜ. "ಕರೆದ್ವಲ್ಲ, ಮೂರು ಸಲ ಕರೆದ್ವಿ. ನೀವು ಕಡ್ಡಿ ಕಡ್ಡಿ ಅಂತಿದ್ರಿ" ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ಹೋಗ್ಲಿ ಬಿಡಿ. ನಿಮ್ ತೀರ್ಪು ಸರಿಯಾಗಿದ್ದಿದ್ರೆ ಈ ಮದ್ವೆ ಆಗ್ತಾನೇ ಇರ್ಲಿಲ್ಲ. ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದಳು. ಕೂತೆ. ಕಾಫಿ ಬಂತು. ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಏನೂ ಹೇಳದೆ ಕುಡಿದು ಮುಗಿಸಿದೆ.